ಲೆಕ್ಕದವನ ಲಕ್ಕಿ ಬೇಲಿ

ಕಾರ್ತಿಕದ ಸೋಮವಾರಗಳಲ್ಲಿ ನನ್ನ ಮೇಜಿನ ಹತ್ತಿರ ಬಂದವರು ಮೂಗರಳಿಸಿ, ‘ಏನ್ರೀ, ಮನ್ಯಾಗ ಬಾಣಂತನ ಐತೇನು?’ ಎಂದು ಕೇಳುತ್ತಾರೆ. ತಪ್ಪು ಅವರದಲ್ಲ. ಭಾನುವಾರವಿಡೀ ಲಕ್ಕಿ ಕಡ್ಡಿಯ ಎಲೆ ಸವರಿದ ಕೈ ಅದು. ಸಬಕಾರ ಹಚ್ಚಿ ಎರಡು ಸಲ ತೊಳೆದರೂ, ರಾತ್ರಿ ಊಟಕ್ಕೆ ಉಳ್ಳಾಗಡ್ಡಿ ಒಡೆದರೂ ಆ ಘಾಟು ಉಗುರಿನ ಸಂದಿಯಲ್ಲಿ ಉಳಿದೇ ಇರುತ್ತದೆ. ಲಕ್ಕಿ ತಪ್ಪಲು ಹಾಕಿ ಕುದಿಸಿದ ನೀರೆಂದರೆ ನಮ್ಮ ಕಡೆ ಬಾಣಂತಿಗೆ ಎರೆಯುವ ನೀರು. ಅದರ ವಾಸನೆ ಬಂದಲ್ಲಿ ಕೂಸಿರಬೇಕು ಎಂಬುದು ಜನರ ಲೆಕ್ಕ. ನಾನೋ ವಾರದ ಆರು ದಿನ ಸಾಲ, ಬಡ್ಡಿ, ಬಾಕಿ ಎಂದು ಕೂಡಿಸಿ ಕಳೆಯುವ ಮನುಷ್ಯ. ಏಳನೆಯ ದಿನ ಬೇಲಿ ಹೆಣೆಯುತ್ತೇನೆ.

ಶಿಗ್ಗಾಂವದ ನಮ್ಮ ಮನೆಯ ಹಿತ್ತಲು ದೊಡ್ಡದೇನಲ್ಲ. ಒಂದು ಕರಿಬೇವು, ಒಂದು ಲಿಂಬಿ, ಬಚ್ಚಲ ನೀರು ಹರಿಯುವಲ್ಲಿ ಬಾಳೆ. ಮಿಕ್ಕ ಜಾಗವೆಲ್ಲ ನನ್ನ ಹೆಂಡತಿಯ ಸೇವಂತಿಗೆ, ಅಬ್ಬಲಿಗೆ, ಚೆಂಡು ಹೂವಿನದು. ಹಿಂದೆ ಜಾಲಿಮುಳ್ಳಿನ ಬೇಲಿ ಇತ್ತು. ಚೆಂಡು ಹೋಯಿತೆಂದು ಹಿಂದೆ ಓಡಿದ ಹುಡುಗರ ಕಾಲಿಗೆ ಮುಳ್ಳು ನೆಟ್ಟು ಓಣಿಯಲ್ಲಿ ಮಾತಾದಾಗ, ನಾನು ಆನ್‌ಲೈನಿನಲ್ಲಿ ಬಿದಿರಿನಂತೆ ಕಾಣುವ ಪ್ಲಾಸ್ಟಿಕ್ ಬೇಲಿಯ ಸುರುಳಿಯೊಂದನ್ನು ತರಿಸಿದೆ. ಒಂದೇ ಬೇಸಿಗೆಗೆ ಅದರ ಹಸಿರೆಲ್ಲ ಹಾರಿ ಸುಣ್ಣ ಬಳಿದ ಹಾಗಾಯಿತು. ಮುಟ್ಟಿದರೆ ಹಪ್ಪಳದಂತೆ ಪಟಪಟ ಮುರಿಯತೊಡಗಿತು. ಓಣಿಯ ಆಡುಗಳಂತೂ ಅದನ್ನು ಬೇಲಿಯೆಂದು ಒಪ್ಪಿಕೊಂಡಿರಲೇ ಇಲ್ಲ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗಳಿಗೆ ಈ ದುಃಖ ಹೇಳಿಕೊಂಡೆ. ಅವಳು ತನ್ನ ಮನೆಯ ಕೈತೋಟದ ಫೋಟೊ ಕಳಿಸಿದಳು. ಬಾಗಿದ ತೆಳು ಕೋಲುಗಳನ್ನು ಬುಟ್ಟಿಯ ಹಾಗೆ ಹೆಣೆದು ನಿಲ್ಲಿಸಿದ ಬೇಲಿ, ಅದರ ಮೇಲೆ ಹಬ್ಬಿದ ಗುಲಾಬಿ. ‘ಮಾಮಾ, ಇದಕ್ಕ ವಿಲ್ಲೋ ಅಂತಾರ’ ಎಂದಳು. ಮಾರೆತ್ತರದ ಒಂದು ತಟ್ಟಿಗೆ ಅವಳು ಹೇಳಿದ ರೇಟು ಕೇಳಿದರೆ ಇಲ್ಲಿ ಒಂದು ಒಳ್ಳೆಯ ಆಡು ಬರುತ್ತದೆ. ಆಡನ್ನು ತಡೆಯಲು ಆಡಿನಷ್ಟೇ ದುಡ್ಡು! ನಮಗೆ ವಿಲ್ಲೋ ಎಂದರೆ ಕಾಶ್ಮೀರದ ಕ್ರಿಕೆಟ್ ಬ್ಯಾಟು, ಅಷ್ಟೇ. ಬ್ಯಾಟಿನ ಜಾತಿ ಬೇರೆ, ಬುಟ್ಟಿಯ ಜಾತಿ ಬೇರೆ ಎಂಬುದು ಆಮೇಲೆ ತಿಳಿಯಿತು. ಅಲ್ಲಿ ಮೊದಲು ಈ ತಟ್ಟಿಗಳು ಇದ್ದದ್ದು ತೋಟದ ಚೆಂದಕ್ಕಲ್ಲ, ಕುರಿಗಾಗಿ. ನಮ್ಮ ಕುರಿಗಾಹಿಗಳು ಹೊಲದಲ್ಲಿ ಕುರಿ ತರುಬುವಾಗ ಸುತ್ತ ಬಲೆ ಕಟ್ಟುತ್ತಾರಲ್ಲ, ಅಲ್ಲಿಯವರು ಹೆಣೆದ ತಟ್ಟಿ ಹೊತ್ತೊಯ್ದು ನಿಲ್ಲಿಸುತ್ತಿದ್ದರು. ಕುರಿ ಕಾಯುವ ಕೆಲಸ ತಪ್ಪಿತು, ತಟ್ಟಿ ತೋಟಕ್ಕೆ ಬಂತು.

ಫೋಟೊವನ್ನು ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, ‘ಇದರಾಗೇನೈತಿ? ನಮ್ಮಪ್ಪನ ಹೊಲದಾಗ ಲಕ್ಕಿ ಕಡ್ಡೀಲೆ ತಟ್ಟಿ ಹೆಣೀತಿದ್ರು, ಚಕ್ಕಡಿಗೆ ಹಾಕಿ ಗೊಬ್ಬರ ಹೇರತಿದ್ರು’ ಎಂದಳು. ನಾನು ಲಕ್ಕಿಗೆ ಬಿದ್ದದ್ದು ಅಂದು.

ಲಕ್ಕಿ ಯಾರೂ ಬೆಳೆಸದ ಗಿಡ. ಹಳ್ಳದ ದಂಡೆ, ಕೆರೆಯ ಕೋಡಿ, ಹೊಲದ ಬದು, ಎಲ್ಲಿ ನೀರಿನ ತೇವ ಇದೆಯೋ ಅಲ್ಲಿ ತಾನಾಗಿ ಪೊದೆಗಟ್ಟುತ್ತದೆ. ಅಂಗೈ ಬಿಚ್ಚಿದಂತೆ ಐದು ಬೆರಳಿನ ಎಲೆ. ಮೇಲೆ ಹಸಿರು, ಕೆಳಗೆ ಬೂದಿ ಬಣ್ಣ. ಗಾಳಿ ಬಂದಾಗ ಇಡೀ ಪೊದೆ ಬಣ್ಣ ಬದಲಿಸುತ್ತದೆ. ತುದಿಯಲ್ಲಿ ತಿಳಿ ನೇರಳೆಯ ಚಿಕ್ಕ ಹೂ, ಅದರ ಸುತ್ತ ಜೇನು. ಘಾಟಿನ ದೆಸೆಯಿಂದ ದನ, ಆಡು ಬಾಯಿ ಹಾಕುವುದಿಲ್ಲ. ಕಾಳಿನ ಡಬ್ಬಿಯಲ್ಲಿ ಹುಳ ಬೀಳದಂತೆ ಇದರ ಒಣ ಎಲೆ ಹಾಕುತ್ತಾರೆ, ಸಂಜೆ ಸೊಳ್ಳೆಗೆ ಹೊಗೆ ಹಾಕುತ್ತಾರೆ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ವೈಟೆಕ್ಸ್ ನೆಗುಂಡೊ ಎಂದು ಹೆಸರಿಟ್ಟ. ಮೊದಲನೆಯ ಪದದ ಬೇರು ಲ್ಯಾಟಿನ್ನಿನಲ್ಲಿ ‘ಹೆಣೆ’ ಎಂಬ ಅರ್ಥದ್ದು. ಇದೇ ಕುಲದ ಗಿಡದ ಬಳುಕುವ ಕಡ್ಡಿಗಳಿಂದ ರೋಮಿನ ಕಾಲದವರೂ ಹೆಣೆಯುತ್ತಿದ್ದರು. ಎರಡನೆಯದು ಲಕ್ಕಿಯ ಇನ್ನೊಂದು ಹೆಸರಾದ ನಮ್ಮ ನಿರ್ಗುಂಡಿಯೇ, ಬಾಯಿಂದ ಬಾಯಿಗೆ ಸವೆದದ್ದು. ಇದರ ಎಲೆಯನ್ನು ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಅಮೆರಿಕದ ಮೇಪಲ್ ಮರವೊಂದಕ್ಕೂ ನೆಗುಂಡೊ ಎಂಬ ಹೆಸರು ಅಂಟಿದೆ. ನಮ್ಮ ಹಳ್ಳದ ದಂಡೆಯ ಗಿಡ ಪಾಸ್‌ಪೋರ್ಟ್ ಇಲ್ಲದೆ ಅಲ್ಲಿಯವರೆಗೆ ಹೋಗಿದೆ ಎಂದು ತಿಳಿದಾಗ ನನಗಾದ ಹೆಮ್ಮೆಯನ್ನು ಮನೆಯಲ್ಲಿ ಯಾರೂ ಹಂಚಿಕೊಳ್ಳಲಿಲ್ಲ.

ಕಡಿಯುವುದಕ್ಕೂ ಒಂದು ಹದವಿದೆ. ಹಳೆಯ ಲಕ್ಕಿಯ ರೆಂಬೆ ಸೊಟ್ಟ, ಗಂಟು ಗಂಟು. ಬೇಸಿಗೆಯಲ್ಲಿ ಪೊದೆಯನ್ನು ಬುಡಮಟ್ಟ ಸವರಿಬಿಟ್ಟರೆ ಮಳೆಗಾಲದಲ್ಲಿ ಹತ್ತಾರು ಕುಡಿ ನೆಟ್ಟಗೆ ಮೇಲೇಳುತ್ತವೆ. ದೀಪಾವಳಿ ಮುಗಿಯುವ ಹೊತ್ತಿಗೆ ಅವು ಕಿರುಬೆರಳಿನ ದಪ್ಪ, ಆಳೆತ್ತರ. ಆಗ ಕುಡುಗೋಲು ಹಿಡಿದು ಹೋಗಬೇಕು. ಮೊದಲ ವರ್ಷ ನಾನು ಕಡಿದು ತಂದ ದಿನವೇ ಹೆಣೆಯಲು ಕೂತೆ. ಒಂದು ತಿಂಗಳಿಗೆ ಕಡ್ಡಿಗಳೆಲ್ಲ ಒಣಗಿ ಸೊರಗಿ, ಬೇಲಿ ಮುದುಕನ ಬಾಯಿಯಂತಾಯಿತು. ಮರುವರ್ಷ ಜಾಣನಾಗಿ ಎರಡು ವಾರ ಬಿಸಿಲಿಗೆ ಒಣಗಿಸಿದೆ. ಬಾಗಿಸಿದರೆ ಲಟ್ ಎಂದು ಮುರಿದವು.

ಸಂತೆಯಲ್ಲಿ ಮೊರ, ಬುಟ್ಟಿ ಹಾಕಿಕೊಂಡು ಕೂರುವ ಒಬ್ಬ ಅಜ್ಜ ನನ್ನ ಗುರು. ಬುಟ್ಟಿ ಕೊಳ್ಳುವ ನೆವದಲ್ಲಿ ಹತ್ತಿರ ಕೂತು ನನ್ನ ಎರಡು ವರ್ಷದ ಸೋಲು ಹೇಳಿದೆ. ಅಜ್ಜ ಕೈಯೊಳಗಿನ ಬಿದಿರ ಸೀಳು ಬಿಡದೆ, ತಲೆ ಎತ್ತದೆ, ‘ಹಸೀದೂ ಬ್ಯಾಡ, ಒಣಾನೂ ಬ್ಯಾಡ ತಮ್ಮಾ. ಬಾಡಿದ್ದು ಬೇಕು’ ಎಂದ. ಮೂರು ನಾಲ್ಕು ದಿನ ನೆರಳಲ್ಲಿ, ಮೇಲೆ ಒದ್ದೆ ಗೋಣಿಚೀಲ. ಅಷ್ಟೇ ಸೂತ್ರ.

ಆ ಅಜ್ಜನದು ಮೇದಾರ ಕಸುಬು. ಹನ್ನೆರಡನೆಯ ಶತಮಾನದಲ್ಲಿ ಬುಟ್ಟಿ ಹೆಣೆಯುತ್ತಲೇ ‘ಗವರೇಶ್ವರ’ ಎಂಬ ಅಂಕಿತದಲ್ಲಿ ವಚನ ಬರೆದ ಮೇದಾರ ಕೇತಯ್ಯ ಆ ಕಸುಬಿನವರ ಹಿರಿಯ. ಅಜ್ಜನ ಮಾತೆಲ್ಲ ಬಿದಿರಿನದೇ. ಅಮಾವಾಸ್ಯೆ ಆಸುಪಾಸಿನಲ್ಲಿ ಕಡಿದರೆ ಕುಟ್ಟೆ ಹುಳ ಬೀಳುವುದಿಲ್ಲ, ಹಳ್ಳದಲ್ಲಿ ನೆನೆಹಾಕಿದರೆ ಇನ್ನೂ ಗಟ್ಟಿ, ಹೀಗೆ. ಬಿದಿರು ಹುಲ್ಲಿನ ಜಾತಿ. ಆದರೂ 1927ರ ಅರಣ್ಯ ಕಾಯ್ದೆಯ ಪ್ರಕಾರ ಅದು ಮರವಾಗಿತ್ತು. ಸ್ವಂತ ಹೊಲದಲ್ಲಿ ಬೆಳೆದದ್ದನ್ನು ಕಡಿದು ಸಾಗಿಸುವುದಕ್ಕೂ ಪರವಾನಗಿಯ ಗೋಜಿತ್ತು. ಕಾಡಿನ ಹೊರಗೆ ಬೆಳೆದ ಬಿದಿರು ಕಾಯ್ದೆಯಲ್ಲಿ ಮರವಾಗಿರುವುದು ತಪ್ಪಿದ್ದು 2017ರಲ್ಲಿ. ಕಾಗದದ ಕೆಲಸದವನಾದ ನಾನು ಇದನ್ನು ಅಜ್ಜನಿಗೆ ವಿವರಿಸಿದೆ. ಆತ ಕೇಳಿ, ‘ತೊಂಬತ್ತು ವರ್ಷ ಬೇಕಾತೇನು ಹುಲ್ಲು ಅಂತ ಗೊತ್ತಾಗಾಕ?’ ಎಂದ.

ಇನ್ನು ಹೆಣೆಯುವ ಸುಖಕ್ಕೆ ಬರುತ್ತೇನೆ. ಹಾರೆಯಿಂದ ಮೊಳಕ್ಕೊಂದು ಕುಣಿ ಹೊಡೆದು ಗೂಟ ನೆಡಬೇಕು. ಮೊದಲ ಕಡ್ಡಿ ಒಂದು ಗೂಟದ ಮುಂದೆ, ಮುಂದಿನದರ ಹಿಂದೆ, ಮತ್ತೆ ಮುಂದೆ. ಮೇಲಿನ ಸಾಲು ಇದಕ್ಕೆ ತಿರುವುಮುರುವು. ಕೇಳಲು ಮಕ್ಕಳಾಟ. ನನ್ನ ಮೊದಲ ತಟ್ಟಿ ಮಾತ್ರ ಎಡಕ್ಕೆ ಏರಿ ಬಲಕ್ಕೆ ಇಳಿದು ಒಳ್ಳೇ ದಿಬ್ಬದಂತಾಯಿತು. ಎಲ್ಲ ಕಡ್ಡಿಗಳ ಬುಡವನ್ನೂ ಎಡಕ್ಕೇ ಇಡುತ್ತ ಹೋಗಿದ್ದೆ! ಕಡ್ಡಿಗೆ ಬುಡ ದಪ್ಪ, ತುದಿ ಸಣ್ಣ. ಒಂದರ ಬುಡ ಎಡಕ್ಕಿದ್ದರೆ ಮುಂದಿನದರ ಬುಡ ಬಲಕ್ಕೆ ಬರಬೇಕು. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ಎರಡನ್ನೂ ಸರಿತೂಗಿಸುವುದೇ ನನ್ನ ಹೊಟ್ಟೆಪಾಡು. ಅದು ಹಿತ್ತಲಲ್ಲಿ ಹೊಳೆಯಲಿಲ್ಲ.

ಕೊನೆಯ ಗೂಟಕ್ಕೆ ಬಂದಾಗ ಕಡ್ಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಅಲ್ಲೇ ಕಸುಬು. ಸುಮ್ಮನೆ ಮಡಿಚಿದರೆ ಮುರಿಯುತ್ತದೆ. ಗೂಟದ ಸಮೀಪ ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಬೇಕು. ತಿರುಚುತ್ತಿದ್ದಂತೆ ಒಳಗೆ ಸಣ್ಣಗೆ ಚಿರಚಿರ ಸದ್ದು. ನಾರು ನಾರು ಬಿಡಿಸಿಕೊಂಡು ಕಟ್ಟಿಗೆ ಹೋಗಿ ಹಗ್ಗವಾಗುತ್ತದೆ. ಆ ಗಳಿಗೆಯಲ್ಲಿ ಅದು ಹೇಳಿದಂತೆ ಕೇಳುತ್ತದೆ. ಗೂಟವನ್ನು ಬಳಸಿ ಬಂದು ತನ್ನ ಸಾಲಿನಲ್ಲಿ ತಾನೇ ಕೂರುತ್ತದೆ. ಈ ಸದ್ದು ಅಂಗೈಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಒಂದು ಚೂರು ಹೆಚ್ಚು ತಿರುವಿದರೆ ಹರಿಯುತ್ತದೆ, ಕಡಿಮೆಯಾದರೆ ಮುರಿಯುತ್ತದೆ. ನೂರು ಕಡ್ಡಿ ಹಾಳು ಮಾಡಿದ ಮೇಲೆ ನನಗೆ ಈ ಸದ್ದು ಸಿಕ್ಕಿತು. ಈಗಲೂ ಹತ್ತರಲ್ಲಿ ಎರಡು ಕೈಕೊಡುತ್ತವೆ.

ಲಿಂಬಿಗಿಡಕ್ಕೆ ದುಂಡಗೆ ಸಣ್ಣ ಬೇಲಿ ಹಾಕುವಾಗ ಇನ್ನೊಂದು ಪಾಠ. ಹನ್ನೆರಡು ಗೂಟ ನೆಟ್ಟು ಸುತ್ತತೊಡಗಿದೆ. ಎರಡನೆಯ ಸುತ್ತಿಗೆ ಬಂದರೆ ಕಡ್ಡಿ ಮತ್ತೆ ಮೊದಲಿನಂತೆಯೇ ಅದೇ ಗೂಟದ ಮುಂದೆ, ಅದೇ ಗೂಟದ ಹಿಂದೆ! ಒಂದನ್ನೊಂದು ಕಚ್ಚುವುದೇ ಇಲ್ಲ. ಅಜ್ಜನಿಗೆ ಹೇಳಿದಾಗ ಆತ ನಕ್ಕು, ತನ್ನ ಬುಟ್ಟಿ ಬೋರಲು ಹಾಕಿ ಅದರ ಕಡ್ಡಿ ಎಣಿಸಲು ಹೇಳಿದ. ಬೆಸ. ಇನ್ನೊಂದು ಬುಟ್ಟಿ, ಅದೂ ಬೆಸ. ‘ಒಂದು ಹೆಚ್ಚಿಗಿರಬೇಕು, ಆಗ ಸುತ್ತು ತಾನ ತಪ್ಪತೈತಿ. ತಪ್ಪಿದ್ರನ ಬುಟ್ಟಿ’ ಎಂದ. ಹದಿಮೂರನೆಯ ಗೂಟ ಹೊಡೆದೆ. ನಮ್ಮ ದಫ್ತರದಲ್ಲಿ ಒಂದು ಹೆಚ್ಚಿಗೆ ಬಂದರೆ ರಾತ್ರಿ ಎಂಟರವರೆಗೆ ಕೂತು ಹುಡುಕಬೇಕಾಗುತ್ತದೆ.

ಮೂರನೆಯ ವರ್ಷದ ಬೇಲಿ ಮಾತ್ರ ನೋಡುವಂತೆ ಬಂತು. ಎದೆಯೆತ್ತರ, ನಡುನಡುವೆ ತೊಗರಿ ಕಟ್ಟಿಗೆಯ ಕೆಂಗಂದು ಸಾಲು, ಸೇವಂತಿಗೆಯ ಎದುರಿಗೆ ಒಂದು ದುಂಡನೆಯ ಕಿಟಕಿ. ಆದರೆ ಗೂಟಗಳನ್ನೂ ಲಕ್ಕಿಯದೇ ಹಾಕಿದ್ದೆ, ಹಸಿಹಸಿಯಾಗಿ. ಹೂವಿನ ಮಡಿಗೆ ಹೆಂಡತಿ ದಿನಾ ಬಿಡುತ್ತಿದ್ದ ನೀರನ್ನು ಅವು ಸದ್ದಿಲ್ಲದೆ ಕುಡಿದವು. ಯುಗಾದಿಯ ಹೊತ್ತಿಗೆ ಬೇಲಿಗೆ ಎಲೆ ಬಂದವು! ನಾನು ಸಂಭ್ರಮದಿಂದ ಫೋಟೊ ತೆಗೆದು ಇಂಗ್ಲೆಂಡಿಗೆ ಕಳಿಸಿದೆ. ‘ಇಲ್ಲಿ ವಿಲ್ಲೋ ಗೂಟಾನೂ ಹಿಂಗ ಚಿಗಿತಾವು ಮಾಮಾ, ಬೇಕಂತ ಹಂಗ ಮಾಡ್ತಾರ’ ಎಂದು ಉತ್ತರ ಬಂತು. ಇಲ್ಲಿ ಯಾರೂ ಬೇಕೆಂದು ಮಾಡಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಗೂಟಗಳು ತೋಳುದ್ದ ರೆಂಬೆ ಬಿಟ್ಟು ಬಿಸಿಲನ್ನೆಲ್ಲ ನುಂಗಿ, ಬೇರನ್ನು ಮಡಿಯೊಳಗೆ ಚಾಚಿದವು. ಸೇವಂತಿಗೆ ಬಡವಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂಬ ಗಾದೆಯನ್ನು ನಾನು ಸಭೆಗಳಲ್ಲಿ ಲಂಚದ ಮಾತು ಬಂದಾಗ ಬಳಸಿದ್ದೆ. ನಮ್ಮ ಹಿತ್ತಲಲ್ಲಿ ಅದು ಅಕ್ಷರಶಃ ನಡೆಯಿತು. ‘ನಿಮ್ಮ ಬ್ಯಾಲಿ ಇರಬೇಕು, ಇಲ್ಲಾ ನನ್ನ ಹೂವು ಇರಬೇಕು’ ಎಂಬ ತೀರ್ಪೂ ಹೊರಬಿತ್ತು.

ರಾಜಿ ಹೀಗಾಯಿತು. ಹೂವಿನ ಕಡೆಯ ಗೂಟ ಕಿತ್ತು ಜಾಲಿಯವನ್ನು ನೆಟ್ಟೆ, ಗೆದ್ದಲು ಹತ್ತದಂತೆ ಬುಡವನ್ನು ಬೆಂಕಿಯಲ್ಲಿ ಕರ್ರಗೆ ಸುಟ್ಟು. ನೆಲಕ್ಕೆ ತಾಗಿದ ಸಾಲು ಮೊದಲು ಕೊಳೆಯುತ್ತದೆ ಎಂದು ನಾಲ್ಕು ಬೆರಳು ಸಂದು ಬಿಟ್ಟೆ. ಆ ಸಂದಿನಲ್ಲಿ ಕೋಳಿಮರಿಗಳು ದಾರಿ ಮಾಡಿಕೊಂಡವು. ಹಿಂಭಾಗದ ಚಿಗುರಿದ ಗೂಟಗಳನ್ನು ಹಾಗೇ ಬಿಟ್ಟೆ. ಅವಕ್ಕೆ ಶಂಖಪುಷ್ಪ, ಹೀರೇಬಳ್ಳಿ ಹಬ್ಬಿವೆ. ಓತಿಕ್ಯಾತವೊಂದು ದಿನಾ ಹತ್ತು ಗಂಟೆಗೆ ಕಿಟಕಿಯಲ್ಲಿ ಕೂತು ದಂಡ ಹೊಡೆಯುತ್ತದೆ. ಆಡುಗಳು ಮೂಸಿ ನೋಡಿ, ಲಕ್ಕಿಯೆಂದು ತಿಳಿದು, ಮುಖ ತಿರುಗಿಸಿ ಪಕ್ಕದ ಮನೆಯ ದಾಸವಾಳಕ್ಕೆ ಹೋಗುತ್ತವೆ. ಆ ಮನೆಯವರಿಗೂ ಒಂದು ತಟ್ಟಿ ಹೆಣೆದುಕೊಡುತ್ತೇನೆ ಎಂದು ಮಾತು ಕೊಟ್ಟು ಎರಡು ವರ್ಷವಾಯಿತು.

ನೆಂಟರು ಬಂದಾಗ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಕರೆದೊಯ್ಯುವುದು ಶಿಗ್ಗಾಂವದವರ ರೂಢಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಆ ಶಿಲ್ಪಗಳ ಹಳ್ಳಿಯಲ್ಲಿ ಜನ, ಜಾನುವಾರು ಎಲ್ಲ ಆಳೆತ್ತರದ ಮೂರ್ತಿಗಳು. ಎಲ್ಲರೂ ಮುಖ ನೋಡಿ ‘ಥೇಟ್ ನಮ್ಮ ಕಾಕಾ ಇದ್ದಾಂಗ’ ಎನ್ನುವಾಗ ನಾನೀಗ ಕೈಗಳನ್ನು ನೋಡುತ್ತ ಹಿಂದುಳಿಯುತ್ತೇನೆ. ಆ ಮೂರ್ತಿಗಳಿಗೆ ಮಳೆಯ ಭಯವಿಲ್ಲ. ನನ್ನ ಬೇಲಿಯ ಆಯುಷ್ಯ ಎರಡು, ಹೆಚ್ಚೆಂದರೆ ಮೂರು ಮಳೆಗಾಲ. ಅದು ಗಟ್ಟಿಯಾಗಿ ಬಾಳಿಬಿಟ್ಟರೆ ಕಾರ್ತಿಕದ ಭಾನುವಾರ ನಾನೇನು ಮಾಡಲಿ ಎಂಬ ಚಿಂತೆಯಿಂದ, ನಿಜ ಹೇಳಬೇಕೆಂದರೆ, ಇನ್ನೂ ಒಂದು ವರ್ಷ ಬಾಳಬಹುದಾಗಿದ್ದ ತಟ್ಟಿಯೊಂದನ್ನು ಹೋದ ಸಲ ನಾನೇ ಕಿತ್ತು ಒಲೆಗೆ ಹಾಕಿದೆ. ಇದು ಮನೆಯಲ್ಲಿ ಗೊತ್ತಿಲ್ಲ.

ಹೋದ ತಿಂಗಳು ನಾಲ್ಕನೆಯ ಮನೆಯ ಅಕ್ಕ ಬುಟ್ಟಿ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಮಗಳು ಹೆರಿಗೆಗೆ ಬಂದಿದ್ದಾಳೆ, ಹಳ್ಳದವರೆಗೆ ಹೋಗುವವರಿಲ್ಲ. ‘ಯಣ್ಣಾ, ನಿಮ್ಮ ಬ್ಯಾಲೀದು ನಾಕ ತಪ್ಪಲ ಹರಕೊಳ್ಳಲೇನ್ರಿ?’ ಬೇಲಿಯಿಂದ ಹರಿದುಕೊಳ್ಳಲು ಕೇಳಿ ಬಂದವರನ್ನು ನಾನು ಕಂಡದ್ದು ಅದೇ ಮೊದಲು. ನಾನೇ ಬಗ್ಗಿಸಿ ಹಿಡಿದೆ. ಅವಳು ಎಳೆಯ ಕುಡಿ ಬಿಟ್ಟು ಬಲಿತ ಎಲೆಗಳನ್ನಷ್ಟೇ ಹರಿದು ಬುಟ್ಟಿ ತುಂಬಿದಳು. ಸಂಜೆ ಅವರ ಬಚ್ಚಲಿನಿಂದ ಹಬೆ ಎದ್ದು ಓಣಿಯೆಲ್ಲ ಲಕ್ಕಿ ವಾಸನೆ.

ಮರುದಿನ ಸೋಮವಾರ. ಮೇಜಿನ ಹತ್ತಿರ ಬಂದವರೊಬ್ಬರು ಮೂಗರಳಿಸಿ, ‘ಏನ್ರೀ, ಬಾಣಂತನ ಐತೇನು?’ ಎಂದರು.

‘ಹೌದ್ರಿ’ ಎಂದೆ, ‘ನಾಕನೇ ಮನ್ಯಾಗ. ಗಂಡು ಕೂಸು.’