ವರದಿ ಕೊಟ್ಟು ಹೊರಟ ಮೇಲೆ

ಬೇರೆಯವರ ವ್ಯವಹಾರ ಹೇಗೆ ನಡೆಯಬೇಕೆಂದು ಹೇಳಿ ಸಂಬಳ ಪಡೆಯುವುದು ನನ್ನ ಕಸುಬು. ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಎಂದು ಅದನ್ನು ಕರೆಯುತ್ತಾರೆ. ತಿ. ನರಸೀಪುರ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯಿಂದ ಬಂದವನು ನಾನು. ನಮ್ಮ ಬೀದಿಯ ಹುಡುಗನೊಬ್ಬ ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಈಗ ಎಂಬಿಎ ಓದುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಣ್ಣ, ನಂಗೂ ನಿಮ್ ತರ ಕನ್ಸಲ್ಟಿಂಗ್‌ಗೇ ಹೋಗ್ಬೇಕು ಅಂತ ಆಸೆ. ನಿಜ ಹೇಳಿ, ಹೋಗ್ಬೋದಾ?" ಎಂದ. ಹೋಗಬಹುದು ಎಂದು ತಟ್ಟನೆ ಹೇಳಿಬಿಡಬಹುದಿತ್ತು. ನಿಜ ಹೇಳಿ ಅಂದನಲ್ಲ, ಅದಕ್ಕೇ ಸ್ವಲ್ಪ ಕಾಲಾವಕಾಶ ಕೇಳಿದೆ. ಅವನಿಗೆ ಉತ್ತರ ಕೊಡುವ ಮೊದಲು ನನ್ನನ್ನೇ ಕೇಳಿಕೊಳ್ಳಬೇಕಾದದ್ದು ಬಹಳ ಇತ್ತು.

ಮೊದಲು ಹಣದ ಮಾತು. ಹಣ ಮುಖ್ಯವಲ್ಲ ಎಂದು ಹೇಳುವವರಲ್ಲಿ ಹೆಚ್ಚಿನವರು ಅದರ ಕೊರತೆ ಕಂಡವರಲ್ಲ. ಅಪ್ಪ ಕೊಳವೆಬಾವಿ ಕೊರೆಸಿದ ಸಾಲ, ಹುಳದ ಮನೆ ಕಟ್ಟಿಸಿದ ಸಾಲ, ತಂಗಿಯ ಮದುವೆಯ ಸಾಲ, ಎಲ್ಲವೂ ನನ್ನ ಸಂಬಳದಲ್ಲಿ ತೀರಿದವು. ಅವ್ವನ ಮಂಡಿಗೆ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಾದಾಗ ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ. ನನ್ನ ವಯಸ್ಸಿನ, ನನ್ನಷ್ಟೇ ಓದಿದ ಹುಡುಗರು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಲೆಕ್ಕದ ಮೇಲೆ ಪಾಳಿ ಮಾಡುತ್ತಿದ್ದಾಗ ನನಗೆ ಬರುತ್ತಿದ್ದ ಸಂಬಳವನ್ನು ಊರಿನಲ್ಲಿ ಬಾಯಿಬಿಟ್ಟು ಹೇಳಲು ಸಂಕೋಚವಾಗುತ್ತಿತ್ತು. ಇದು ಈ ಕೆಲಸದಿಂದ ಬಂದ ಒಳಿತು. ಅದನ್ನು ಕಡಿಮೆ ಮಾಡಿ ಹೇಳಿದರೆ ಅವ್ವನಿಗೆ ದ್ರೋಹ.

ಎರಡನೆಯದು ಕಲಿಕೆ. ಕೆಲಸಕ್ಕೆ ಸೇರುವಾಗ ಸಲಹಾ ಸಂಸ್ಥೆಯವರು ಕೇಳುವ ಪ್ರಶ್ನೆಗಳೇ ಬೇರೆ ತೆರನಾದವು. ಮೈಸೂರು ನಗರದಲ್ಲಿ ದಿನಕ್ಕೆ ಎಷ್ಟು ಇಡ್ಲಿ ಮಾರಾಟವಾಗುತ್ತದೆ, ಹೇಳಿ. ಉತ್ತರ ಯಾರಿಗೂ ಗೊತ್ತಿಲ್ಲ, ಅವರಿಗೂ ಬೇಕಿಲ್ಲ. ಜನಸಂಖ್ಯೆಯಿಂದ ಹೊರಟು, ಹೊರಗೆ ತಿನ್ನುವವರೆಷ್ಟು, ಅವರಲ್ಲಿ ಬೆಳಗ್ಗೆ ತಿನ್ನುವವರೆಷ್ಟು ಎಂದು ಕವಲು ಕವಲಾಗಿ ಬಿಡಿಸುತ್ತಾ ಹೋಗುವ ಬಗೆಯನ್ನು ಅವರು ನೋಡುತ್ತಾರೆ. ಆಮೇಲೆ ಇಡೀ ಕಸುಬೇ ಇದು. ಒಂದು ಕಂಪನಿಯ ಲಾಭ ಇಳಿದಿದ್ದರೆ ಮಾರಾಟ ಇಳಿಯಿತೋ ಖರ್ಚು ಏರಿತೋ. ಖರ್ಚು ಏರಿದ್ದರೆ ಕಚ್ಚಾ ಮಾಲಿನದೋ ಕೂಲಿಯದೋ ಸಾಗಣೆಯದೋ. ಹೀಗೆ ಇಳಿಯುತ್ತಾ ಹೋದರೆ ಎಲ್ಲೋ ಒಂದು ಕಡೆ ಗಂಟು ಸಿಗುತ್ತದೆ. ಇಪ್ಪತ್ತೈದರ ಹುಡುಗ ಸಿಮೆಂಟ್, ಬ್ಯಾಂಕ್, ಆಸ್ಪತ್ರೆ, ಬಿತ್ತನೆ ಬೀಜ ಹೀಗೆ ನಾಲ್ಕಾರು ಉದ್ಯಮಗಳ ಹೊಟ್ಟೆಯೊಳಗೆ ಹೊಕ್ಕು ಬರುವ ಅವಕಾಶ ಬೇರೆ ಯಾವ ನೌಕರಿಯಲ್ಲೂ ಇಲ್ಲ.

ಈ ವಿದ್ಯೆಯನ್ನು ಒಮ್ಮೆ ನಮ್ಮ ಮನೆಯ ಲೆಕ್ಕಕ್ಕೇ ಹಚ್ಚಿ ನೋಡಿದೆ. ರೇಷ್ಮೆಯವರ ಲೆಕ್ಕವೆಲ್ಲ ನೂರು ಚಿಟ್ಟೆಗಳ ಮೊಟ್ಟೆಗೆ ಎಷ್ಟು ಕೆಜಿ ಗೂಡು ಎಂಬುದರ ಮೇಲೆ. ಅಪ್ಪ ಸೊಪ್ಪಿನ ಖರ್ಚು, ಗೊಬ್ಬರ, ಚಾಕಿ (ಎಳೆ) ಹುಳುವಿನ ಬೆಲೆ, ಮಾರುಕಟ್ಟೆಗೆ ಗಾಡಿ ಬಾಡಿಗೆ ಎಲ್ಲವನ್ನೂ ಹೇಳಿದರು. ಕೂಲಿ ಎಂದರೆ ಗೂಡು ಬಿಡಿಸುವ ದಿನ ಬರುವ ಆಳುಗಳದ್ದು ಮಾತ್ರ. ಅವ್ವ ಎಲ್ಲಿ? ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಬಾರಿ ಪೊರೆ ಬಿಟ್ಟು, ಎದ್ದ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಬಹುಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಆ ವಾರ ಅವ್ವ ಸರಿಯಾಗಿ ಮಲಗಿದ್ದನ್ನು ನಾನು ನೋಡಿಲ್ಲ. ಸಪ್ಪೆ ರೋಗ, ಹಾಲುತೊಂಡೆ ಹತ್ತಿದ ಹುಳುವನ್ನು ಆರಿಸಿ ತೆಗೆಯುವವಳೂ ಅವಳೇ, ಸುಣ್ಣ ಹಾಕುವವಳೂ ಅವಳೇ, ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವವಳೂ ಅವಳೇ. ಅವಳ ದುಡಿಮೆಗೆ ದಿನಗೂಲಿಯ ದರ ಹಾಕಿ ಕೂಡಿಸಿದಾಗ ನಮ್ಮ ಲಾಭವೆಂದು ಅಪ್ಪ ನಂಬಿದ್ದರಲ್ಲಿ ದೊಡ್ಡ ಪಾಲು ಅವ್ವನ ಕೊಡದೆ ಉಳಿದ ಕೂಲಿ ಎಂದು ತಿಳಿಯಿತು. ಅಪ್ಪ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಮುಂದಿನ ಬೆಳೆಗೆ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ಹಾಕುವುದನ್ನು ಬಿಟ್ಟು ಕಡ್ಡಿ ಸಮೇತ ಹಾಕುವ ಪದ್ಧತಿಗೆ ಮನೆ ತಿರುಗಿತು, ಅವ್ವನ ಕೆಲಸ ಎಷ್ಟೋ ಹಗುರವಾಯಿತು. ನನ್ನ ಕಸುಬಿನ ಬಗ್ಗೆ ನನಗೆ ಪೂರ್ತಿ ಹೆಮ್ಮೆ ಎನಿಸಿದ ಸಂದರ್ಭ ಅದು.

ಆದರೆ ಅದೇ ವಿದ್ಯೆಗೆ ಇನ್ನೊಂದು ಮುಖವಿದೆ. ಹೊರರಾಜ್ಯದ ಒಂದು ಕಾರ್ಖಾನೆಯಲ್ಲಿ ನಮ್ಮ ತಂಡ ಖರ್ಚಿನ ಕವಲುಗಳನ್ನು ಬಿಡಿಸುತ್ತಾ ಹೋಯಿತು. ಗಂಟು ಸಿಕ್ಕಿದ್ದು ಕೂಲಿಯಲ್ಲಿ. ಪ್ಯಾಕಿಂಗ್ ವಿಭಾಗದಲ್ಲಿ ಇಷ್ಟು ಜನ ಹೆಚ್ಚಾಗಿದ್ದಾರೆ ಎಂದು ನಾವು ತೋರಿಸಿದೆವು. ಅವರೆಲ್ಲ ಗುತ್ತಿಗೆಯವರು, ತೆಗೆಯುವುದು ಸುಲಭ. ಸ್ಲೈಡಿನಲ್ಲಿ ಅವರು ಒಂದು ಪಟ್ಟಿಯ ಉದ್ದವಾಗಿ ಮಾತ್ರ ಇದ್ದರು. ಅವ್ವನನ್ನು ಲೆಕ್ಕಕ್ಕೆ ತಂದ ವಿಧಾನವೇ ಅವರನ್ನು ಲೆಕ್ಕದಿಂದ ಹೊರಗಿಟ್ಟಿತು. ವಿಧಾನ ಒಂದೇ. ಯಾರು ಹಣ ಕೊಟ್ಟು ಕೇಳುತ್ತಿದ್ದಾರೆ ಎನ್ನುವುದು ಬೇರೆ, ಅಷ್ಟೆ. ಆ ಊರಿನಿಂದ ಹಿಂತಿರುಗುವಾಗ ನಂಜನಗೂಡಿನ ಪಾಳಿ ಬಸ್ಸಿಗೆ ಕಾಯುವ ನನ್ನ ಗೆಳೆಯರ ಮುಖಗಳೇ ಕಣ್ಣ ಮುಂದಿದ್ದವು.

ಇದಕ್ಕಿಂತಲೂ ಹತ್ತಿರ ಬಂದು ತಟ್ಟಿದ್ದು 2011. ಆ ವರ್ಷದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಆಗ ನಾನು ಉತ್ತರ ಭಾರತದ ಬಟ್ಟೆ ಕಂಪನಿಯೊಂದರ ಕೆಲಸದಲ್ಲಿದ್ದೆ. ಚೀನಾದ ರೇಷ್ಮೆ ನೂಲು ಅಗ್ಗವಾದರೆ ಕಂಪನಿಗೆ ಉಳಿಯುವುದೆಷ್ಟು ಎಂಬ ಪಟ್ಟಿಯನ್ನು ಮಾಡಿದವನು ನಾನೇ. ಲೆಕ್ಕ ಸರಿಯಾಗಿತ್ತು, ಕಂಪನಿಯವರಿಗೆ ಸಂತೋಷವಾಯಿತು. ಕೆಲವೇ ತಿಂಗಳಲ್ಲಿ ನಮ್ಮ ಕಡೆ ಗೂಡಿನ ಬೆಲೆ ಬಿದ್ದುಹೋಯಿತು. ಗೂಡಿನ ಬೆಲೆ ಬೀಳಲು ಸುಂಕವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ರಾಮನಗರದ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿದ ಅಪ್ಪ ಫೋನಿನಲ್ಲಿ, "ಗಾಡಿ ಬಾಡ್ಗೆ ಕಳುದ್ರೆ ಏನೂ ಗಿಟ್ಲಿಲ್ಲ ಕಣಪ್ಪ" ಎಂದಾಗ, ಆ ಪಟ್ಟಿಯಲ್ಲಿ ಉಳಿತಾಯ ಎಂದು ಬರೆದ ಅಂಕಿ ಯಾರ ಜೇಬಿನಿಂದ ಬಂದದ್ದು ಎಂದು ನನಗೆ ಸ್ಪಷ್ಟವಾಯಿತು. ಊರಿನಲ್ಲಿ ಹಲವರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದರು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು. ಕಿತ್ತ ಗಿಡ ತಾನಾಗಿ ವಾಪಸ್ಸು ಬರುವುದಿಲ್ಲವಲ್ಲ.

ಸಲಹೆಗಾರರೆಲ್ಲ ಹೀಗೇ ಎಂದರೆ ಅನ್ಯಾಯವಾಗುತ್ತದೆ. ನಮ್ಮ ತಾಲ್ಲೂಕಿನ ರೇಷ್ಮೆಯೇ ಹೊರಗಿನವರ ಸಲಹೆಯಿಂದ ಬದಲಾದದ್ದು. ಬಿಸಿಲ ನಾಡಿನಲ್ಲಿ ಉತ್ತಮ ನೂಲು ಕೊಡುವ ದ್ವಿತಳಿ ಹುಳು ಸಾಕುವುದು ಆಗದ ಮಾತು ಎಂದೇ ಬಹುಕಾಲ ನಂಬಿದ್ದೆವು. 1991ರಲ್ಲಿ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಗೆ ಬಂದರು. ಇಲ್ಲಿನ ವಿಜ್ಞಾನಿಗಳೂ ಅವರೂ ಕೂಡಿ ದುಡಿದು ಸಿಎಸ್‌ಆರ್-2, ಸಿಎಸ್‌ಆರ್-4 ತಳಿಗಳು ಹೊರಬರಲು ವರ್ಷಗಳೇ ಹಿಡಿದವು. 1997ರಿಂದ ಆ ಯೋಜನೆಯ ಎರಡನೇ ಹಂತದಲ್ಲಿ ಅವು ರೈತರ ಹುಳದ ಮನೆಗೆ ಬಂದವು. ಬೆಳೆ ಕೆಟ್ಟರೆ ಯಾಕೆ ಕೆಟ್ಟಿತೆಂದು ಬಂದು ನೋಡುವವರಿದ್ದರು, ಮರುಬೆಳೆಗೆ ತಿದ್ದುವುದಕ್ಕೂ ಅವರಿದ್ದರು. ನಾವು ಕೊಡುವ ಸಲಹೆಗೂ ಇದಕ್ಕೂ ಇರುವ ವ್ಯತ್ಯಾಸ ಬುದ್ಧಿವಂತಿಕೆಯದ್ದಲ್ಲ. ನಮ್ಮ ಸಂಸ್ಥೆಗಳಲ್ಲಿ ಅವರಷ್ಟೇ ಬುದ್ಧಿವಂತರಿದ್ದಾರೆ. ನಮ್ಮ ಕೆಲಸದ ಅವಧಿ ಹತ್ತು ಹದಿನಾಲ್ಕು ವಾರಕ್ಕೆ ಮುಗಿಯುತ್ತದೆ, ಬೆಳೆ ಕೈಗೆ ಬರುವ ಹೊತ್ತಿಗೆ ನಾವು ಇನ್ನೊಂದು ಊರಿನಲ್ಲಿರುತ್ತೇವೆ.

ಹೇಳಿ ಹೊರಡುವುದು, ಜೊತೆಗೆ ನಿಲ್ಲುವುದು, ಎಂಜಿನಿಯರ್ ವಿಶ್ವೇಶ್ವರಯ್ಯನವರ ಬದುಕಿನಲ್ಲಿ ಈ ಎರಡೂ ಬಗೆ ಇವೆ. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿದ ಮೇಲೆ ನಿಜಾಮರ ಸರ್ಕಾರ ಅವರನ್ನು ಸಲಹಾ ಎಂಜಿನಿಯರಾಗಿ ಕರೆಸಿತು. ಅವರು ಯೋಜನೆ ಹಾಕಿಕೊಟ್ಟು 1909ರಲ್ಲಿ ಮೈಸೂರಿಗೆ ಬಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು 1920ರ ದಶಕದಲ್ಲಿ ಬೇರೆಯವರ ಕೈಯಲ್ಲಿ ಪೂರ್ಣಗೊಂಡು ಊರನ್ನು ಕಾಯ್ದವು. ಅಂದರೆ ಹೇಳಿ ಹೊರಟವನ ಸಲಹೆಯೂ ಫಲ ಕೊಡಬಲ್ಲದು, ಹಿಂದೆ ನಿಂತು ಮಾಡಿಸುವ ಸರ್ಕಾರವೊಂದಿದ್ದರೆ. ನನ್ನ ಮಾತಿಗೆ ಅಡ್ಡ ಬರುವ ಈ ಉದಾಹರಣೆಯನ್ನು ಮುಚ್ಚಿಡಲಾರೆ. ಆದರೂ ನನ್ನ ಮನಸ್ಸು ಹೋಗುವುದು ಭದ್ರಾವತಿಯ ಕಡೆಗೆ. ನಷ್ಟದಲ್ಲಿದ್ದ ಕಬ್ಬಿಣದ ಕಾರ್ಖಾನೆಗೆ 1923ರಲ್ಲಿ ಅವರು ಅಧ್ಯಕ್ಷರಾದರು, 1929ರವರೆಗೂ ಆ ಹೊಣೆ ಹೊತ್ತರು. ದಿವಾನಗಿರಿ ಮಾಡಿ ಮುಗಿಸಿದ್ದ ಮನುಷ್ಯ ಒಂದು ವರದಿ ಬರೆದುಕೊಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಹೊಣೆಯಿಲ್ಲದ ಸಲಹೆ ಎಲ್ಲಿಗೆ ಮುಟ್ಟಬಹುದೆನ್ನುವುದಕ್ಕೆ ಜಗತ್ತೇ ಒಂದು ಸಾಕ್ಷಿ ಕಂಡಿದೆ. ಅಮೆರಿಕದಲ್ಲಿ ಚಟ ಹತ್ತಿಸುವ ನೋವುನಿವಾರಕದ ಮಾರಾಟ ಹೆಚ್ಚಿಸಲು ಔಷಧ ಕಂಪನಿಗೆ ಸಲಹೆ ಕೊಟ್ಟ ವಿಚಾರದಲ್ಲಿ ಮೆಕಿನ್ಸಿ ಎಂಬ ಸಲಹಾ ಸಂಸ್ಥೆ 2021ರಲ್ಲಿ ಅಲ್ಲಿನ ರಾಜ್ಯಗಳಿಗೆ ಸುಮಾರು 57 ಕೋಟಿ ಡಾಲರ್ ಕೊಡಲು ಒಪ್ಪಿತು, 2024ರ ಡಿಸೆಂಬರಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ತನಿಖೆಯ ಇತ್ಯರ್ಥಕ್ಕೆ ಇನ್ನೂ 65 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮಲ್ಲೂ ಸರ್ಕಾರದ ಕೆಲಸಗಳಿಗೆ ಕನ್ಸಲ್ಟೆಂಟರು ಬರುವುದು ಹೆಚ್ಚಾಗುತ್ತಿದೆ. ಆದಾಯದ ದಾರಿ ಹುಡುಕಲು ಕರ್ನಾಟಕ ಸರ್ಕಾರ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪನ್ನು ನೇಮಿಸಿಕೊಂಡದ್ದು 2024ರಲ್ಲಿ ದೊಡ್ಡ ಚರ್ಚೆಯಾಯಿತು. ಶುಲ್ಕ ಎಷ್ಟು ಎಂಬುದರ ಮೇಲೇ ಎಲ್ಲರ ಕಣ್ಣು. ಸಲಹೆ ಜಾರಿಯಾದ ಮೇಲೆ ಅದರ ಫಲವನ್ನು ಯಾರು ಅಳೆಯುತ್ತಾರೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದೆಂದು ಒಳಗಿನವನಾಗಿ ಹೇಳುತ್ತೇನೆ.

ಸ್ವಂತ ಬದುಕಿನ ನಷ್ಟಗಳನ್ನು ಹೆಚ್ಚು ಬೆಳೆಸುವುದಿಲ್ಲ. ಸೋಮವಾರ ನಸುಕಿಗೆ ವಿಮಾನ, ಗುರುವಾರ ರಾತ್ರಿ ಮನೆ, ನಡುವೆ ಹೋಟೆಲು. ಎರಡು ಮೂರು ವರ್ಷಕ್ಕೊಮ್ಮೆ ಮೇಲಿನ ಮೆಟ್ಟಿಲು ಹತ್ತದವನು ಹೊರಗೆ ಹೋಗಬೇಕೆಂಬ ಕಟ್ಟಳೆ. ನರಸೀಪುರದ ನದಿ ಸಂಗಮದಲ್ಲಿ ಕುಂಭಮೇಳ ಮೂರು ವರ್ಷಕ್ಕೊಮ್ಮೆ ಬಂದು ಹೋಗುತ್ತಿತ್ತು, ನಾನು ಟಿವಿಯಲ್ಲಿ ನೋಡುತ್ತಿದ್ದೆ. ಇವು ಮೊದಲೇ ಗೊತ್ತಿದ್ದು ಒಪ್ಪಿಕೊಂಡ ಕಷ್ಟಗಳು, ದೂರಲು ನನಗೆ ಹಕ್ಕಿಲ್ಲ.

ದೂರಬೇಕಾದದ್ದು ನನ್ನೊಳಗೆ ಬೆಳೆದ ಒಂದು ಸ್ವಭಾವವನ್ನು. ಗೊತ್ತಿಲ್ಲದ ವಿಷಯದ ಬಗ್ಗೆ ಎರಡೇ ದಿನದಲ್ಲಿ ಗಟ್ಟಿಯಾಗಿ ಮಾತನಾಡುವ ಶಕ್ತಿ ನನಗೆ ಬಂದಿದೆ. ಮೂವತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತ ಮನುಷ್ಯನ ಎದುರಿಗೆ ಮೂರು ಅಂಶಗಳಲ್ಲಿ ಅವನ ಕೆಲಸವನ್ನು ವಿವರಿಸಬಲ್ಲೆ, ಅವನು ತಲೆಯಾಡಿಸುವಂತೆ ಮಾಡಬಲ್ಲೆ. ಮೊದಮೊದಲು ಇದನ್ನು ಸಾಮರ್ಥ್ಯವೆಂದು ತಿಳಿದಿದ್ದೆ, ಈಗ ಹಾಗೆ ಅನಿಸುವುದಿಲ್ಲ. ನರಸೀಪುರದ ಸರ್ಕಾರಿ ಫಿಲೇಚರಿನಲ್ಲಿ ಬಿಸಿ ನೀರಿನ ತೊಟ್ಟಿಯಿಂದ ಗೂಡಿನ ಎಳೆಯ ತುದಿ ಹುಡುಕಿ ತೆಗೆಯುವ ಹೆಂಗಸರನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಲ್ಲಿಂದ ಹೋದ ನೂಲೇ ಮೈಸೂರಿನ ಕಾರ್ಖಾನೆಯಲ್ಲಿ ಮೈಸೂರು ಸಿಲ್ಕ್ ಸೀರೆಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಅವರ ಬೆರಳಿಗೆ ಮಾತ್ರ ಗೊತ್ತು. ಆ ಬೆರಳಿಗೆ ಗೊತ್ತಿರುವುದು ನನ್ನ ಯಾವ ಸ್ಲೈಡಿನಲ್ಲೂ ಬಂದಿಲ್ಲ. ಬರುವುದಕ್ಕೆ ಸಾಧ್ಯವೂ ಇಲ್ಲವೆಂದು ಒಪ್ಪಿಕೊಂಡ ಮೇಲೆ ನಾನು ಕಡಿಮೆ ಮಾತನಾಡಲು ಕಲಿಯುತ್ತಿದ್ದೇನೆ. ಈ ಕಸುಬಿನಲ್ಲಿ ಕಡಿಮೆ ಮಾತನಾಡುವವನಿಗೆ ಬಡ್ತಿ ತಡವಾಗುತ್ತದೆ, ಆಗಲಿ.

ಆ ಹುಡುಗನಿಗೆ ಕೊನೆಗೆ ಹೀಗೆ ಹೇಳಿದೆ. ಮನೆಯಲ್ಲಿ ಸಾಲವಿದ್ದರೆ ಹೋಗು. ಸಾಲ ತೀರಲಿ, ವಿದ್ಯೆ ಕಲಿ, ನಾಲ್ಕು ಉದ್ಯಮ ನೋಡು. ಮೂರ್ನಾಲ್ಕು ವರ್ಷಕ್ಕೆ ಅದು ಒಳ್ಳೆಯ ಕೆಲಸ, ಇಡೀ ಆಯುಷ್ಯಕ್ಕೆ ಅಲ್ಲ. ಆಮೇಲೆ ಯಾವುದಾದರೂ ಒಂದು ಕಾರ್ಖಾನೆಗೋ ಸಂಘಕ್ಕೋ ಕಚೇರಿಗೋ ಸೇರಿ, ನೀನು ತೆಗೆದುಕೊಂಡ ತೀರ್ಮಾನದ ಜೊತೆ ನೀನೇ ಐದು ವರ್ಷ ಇರು. ನಾನೂ ಅದೇ ದಾರಿ ಹಿಡಿಯಲು ನಿರ್ಧರಿಸಿದ್ದೇನೆ. ಮುಂದಿನ ಮೆಟ್ಟಿಲು ನನಗೆ ಬೇಡವೆಂದು ಸಂಸ್ಥೆಗೆ ಬರೆದುಕೊಟ್ಟಿದ್ದೇನೆ.

ನರಸೀಪುರ, ನಂಜನಗೂಡಿನಿಂದ ಈಗ ನೂರಾರು ಮಕ್ಕಳು ಇಂಥ ಸಂದರ್ಶನಗಳಿಗೆ ತಯಾರಾಗುತ್ತಿದ್ದಾರೆ. ಅವರಿಗೆ ನನ್ನದೊಂದು ಕೋರಿಕೆ. ಸಂದರ್ಶನದ ಕೊನೆಯಲ್ಲಿ ಸಂಸ್ಥೆಯವರು, ನಿಮಗೇನಾದರೂ ಕೇಳುವುದಿದೆಯೇ ಎಂದು ಕೇಳುತ್ತಾರೆ. ಆಗ ಸಂಬಳವನ್ನಾಗಲಿ ವಿದೇಶ ಪ್ರಯಾಣವನ್ನಾಗಲಿ ಕೇಳಬೇಡಿ. ನೀವು ಎರಡು ವರ್ಷದ ಹಿಂದೆ ಕೊಟ್ಟ ಸಲಹೆ ಏನಾಯಿತೆಂದು ನೋಡಲು ನಿಮ್ಮಲ್ಲಿ ಯಾರು ಹೋಗಿದ್ದರು ಎಂದು ಕೇಳಿ. ಹೆಸರು ಹೇಳಬಲ್ಲ ಸಂಸ್ಥೆಗೆ ಸೇರಿ.