ನಾಯಿಗೊಂದು ಶಾಸನದ ಹೆಸರು

ಮಗುವಿಗೆ ಹೆಸರಿಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಪುರೋಹಿತರು ಪಂಚಾಂಗ ನೋಡಿ ನಕ್ಷತ್ರಕ್ಕೆ ಹೊಂದುವ ಅಕ್ಷರ ಹೇಳುತ್ತಾರೆ. ಗಂಡಿನ ಕಡೆಯವರು ಒಂದು, ಹೆಣ್ಣಿನ ಕಡೆಯವರು ಒಂದು ಸೂಚಿಸುತ್ತಾರೆ. ಕೊನೆಗೆ ಯಾರೂ ಸೂಚಿಸದ ಮೂರನೆಯ ಹೆಸರು ತೊಟ್ಟಿಲಿಗೇರುತ್ತದೆ. ನಾಯಿಗೆ ಹೆಸರಿಡುವಾಗ ಈ ಅನುಕೂಲಗಳು ಯಾವುವೂ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಹನ್ನೊಂದು ದಿನ ಹಿಡಿಯಿತು.

2019ರ ಮಳೆಗಾಲ. ಶಿವಾಜಿನಗರದ ಕಡೆಯ ನಮ್ಮ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ಮರಿ ಮೂರು ದಿನದಿಂದ ಒದ್ದೆಯಾಗಿ ನಡುಗುತ್ತಿತ್ತು. ಮೈಯೆಲ್ಲ ಕಪ್ಪು, ಎದೆಯ ಮೇಲೆ ಸೀಮೆಸುಣ್ಣ ಒರೆಸಿದ ಹಾಗೆ ಒಂದು ಬಿಳಿ ಮಚ್ಚೆ. ನಾಲ್ಕನೆಯ ದಿನ ಅದನ್ನು ಊಟದ ಚೀಲದಲ್ಲಿ ಹಾಕಿಕೊಂಡು ಕೃಷ್ಣರಾಜಪುರದ ಬಸ್ಸು ಹತ್ತಿದೆ. ಹಲಸೂರು ಬರುವವರೆಗೆ ಚೀಲ ಮೌನವಾಗಿತ್ತು. ಅಲ್ಲಿಂದ ಮುಂದೆ ಕುಂಯ್‌ಗುಟ್ಟತೊಡಗಿತು. ಕಂಡಕ್ಟರ್ ಚೀಲದ ಕಡೆಗೂ ನನ್ನ ಕಡೆಗೂ ನೋಡಿ, "ಏನ್ ಮೇಷ್ಟ್ರೇ, ಟಿಫನ್ ಕ್ಯಾರಿಯರ್ ಅಳ್ತಾ ಇದೆ?" ಎಂದ. ಇಡೀ ಬಸ್ಸು ನಕ್ಕಿತು.

ಮನೆಯಲ್ಲಿ ಆಗ ನಾಲ್ವರು. ನಾನು, ನಮ್ಮವಳು, ಎಂಟನೆಯ ತರಗತಿಯ ಮಗಳು ಮತ್ತು ನನ್ನ ತಾಯಿ. ಮರಿಯನ್ನು ಇಟ್ಟುಕೊಳ್ಳುವುದೋ ಬೇಡವೋ ಎಂಬ ಚರ್ಚೆ ಮಗಳು ಅದನ್ನು ಮಡಿಲಿಗೆ ಹಾಕಿಕೊಂಡ ಕ್ಷಣವೇ ಮುಗಿಯಿತು. ಉಳಿದದ್ದು ಹೆಸರು.

ನಾವು ಬೆಳೆದ ದಂಡು ಪ್ರದೇಶದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಗಂಡಾದರೆ ಟಾಮಿ, ಜಿಮ್ಮಿ, ಟೈಗರ್. ಹೆಣ್ಣಾದರೆ ರೂಬಿ. ಟಾಮಿ ಎನ್ನುವುದು ಬ್ರಿಟಿಷ್ ಸಿಪಾಯಿಗಳಿಗೆ ಅವರ ದೇಶದವರೇ ಇಟ್ಟಿದ್ದ ಅಡ್ಡಹೆಸರು. 1809ರಲ್ಲಿ ಹಲಸೂರಿನ ಬಳಿ ಬಂದು ಇಳಿದ ದಂಡು ಹೋಗಿ ಎಷ್ಟೋ ಕಾಲವಾದರೂ, ಟಾಮಿಗಳು ಮಾತ್ರ ನಮ್ಮ ಬೀದಿಗಳಲ್ಲಿ ಬಾಲ ಆಡಿಸುತ್ತ ಉಳಿದುಬಿಟ್ಟರು ನೋಡಿ!

ಮಗಳಿಗೆ ಇವು ಯಾವುವೂ ಬೇಡ. ಆ ವರ್ಷ ಅವಳು ಪಾಠದಲ್ಲಿ ಕದಂಬರು, ಗಂಗರು, ಚಾಲುಕ್ಯರನ್ನು ಓದುತ್ತಿದ್ದಳು. "ಅಪ್ಪ, ಇದಕ್ಕೆ ಹಿಸ್ಟರಿ ಹೆಸರೇ ಇಡಬೇಕು" ಎಂದು ಹಟ ಹಿಡಿದಳು. ಮೊದಲ ಸೂಚನೆ ಪುಲಕೇಶಿ. ಫ್ರೇಜರ್ ಟೌನಿಗೆ ಈಗ ಪುಲಕೇಶಿನಗರವೆಂದು ಹೆಸರು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಹತ್ತಾರು ಮಂದಿ ಇದ್ದಾರೆ. ಹರ್ಷವರ್ಧನನನ್ನು ನರ್ಮದೆಯ ದಂಡೆಯಲ್ಲಿ ತಡೆದವನ ಹೆಸರನ್ನು "ಚಪ್ಪಲಿ ಬಿಡು" ಎನ್ನುವುದರ ಜೊತೆ ಸೇರಿಸಿ ಕೂಗಲು ನನಗೆ ಮನಸ್ಸಾಗಲಿಲ್ಲ. ಎರಡನೆಯದು ಹೊಯ್ಸಳ. ಬೆಂಗಳೂರಿನ ಪೊಲೀಸರ ಗಸ್ತು ವಾಹನಕ್ಕೆ ಇರುವ ಹೆಸರು ಅದೇ. ರಾತ್ರಿ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತು "ಹೊಯ್ಸಳಾ" ಎಂದು ಕೂಗಿದರೆ ಬೀದಿಯವರೆಲ್ಲ ಎದ್ದು ಬಂದಾರು. ಮೂರನೆಯದು ವಿಕ್ರಮಾದಿತ್ಯ. ಪಕ್ಕದ ಮನೆಯ ಹುಡುಗನ ಹೆಸರೇ ವಿಕ್ರಮ್, ಅವನ ಅಮ್ಮ ದಿನವೂ ಅವನನ್ನು ಕೂಗುವ ಧಾಟಿಯೂ ಹೆಚ್ಚುಕಡಿಮೆ ನಾಯಿಯನ್ನು ಕೂಗುವಂತೆಯೇ. ಜಗಳ ಕಟ್ಟಿಟ್ಟ ಬುತ್ತಿ.

ಅಡ್ಡಹೆಸರಿನ ಪೆಟ್ಟು ಏನೆಂದು ಮೇಷ್ಟರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೂವತ್ತು ವರ್ಷದಿಂದ ನಾನು ಮಕ್ಕಳ ನಡುವೆ 'ಪಿಪೆಟ್ಟು'. ಅದಿರಲಿ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕಾಗ ನಮ್ಮ ಕನ್ನಡ ಪಂಡಿತರು ನಗಲಿಲ್ಲ. "ರಾಜರ ಹೆಸರು ನಾಯಿಗೆ ಯಾಕ್ರೀ? ಆ ಕಾಲದ ನಾಯಿಯ ಹೆಸರೇ ಇದೆಯಲ್ಲ! ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಆತಕೂರು ಶಾಸನ ತೋರಿಸಿ" ಎಂದರು. ಬಿ.ಎಸ್ಸಿ., ಬಿ.ಎಡ್. ಓದಿದ ನನಗೆ ಆ ಶಾಸನ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಆ ಭಾನುವಾರ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1865ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ಸರ್ಜನ್ ಮುತುವರ್ಜಿಯಿಂದ ದಂಡಿನಲ್ಲಿ ಆರಂಭವಾದ ಸಂಸ್ಥೆ ಅದು. ಈಗಿನ ಕೆಂಪು ಕಟ್ಟಡ 1877ರದು. ವಸ್ತುಸಂಗ್ರಹಾಲಯ ಇಲ್ಲಿಗೆ ಬಂದರೂ ಮೊದಲು ಇದ್ದ ಜಾಗದ ರಸ್ತೆಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಹಾಗೆಯೇ ಅಂಟಿಕೊಂಡಿದೆ.

ಕಲ್ಲಿನ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಅಕ್ಷರವಲ್ಲ, ಚಿತ್ರ. ಒಂದು ನಾಯಿ, ಒಂದು ಕಾಡುಹಂದಿ, ಮುಖಕ್ಕೆ ಮುಖ ಕೊಟ್ಟು ಕಾದಾಡುತ್ತಿವೆ. ಸುತ್ತಲೂ ಹಳಗನ್ನಡ. ಪಂಡಿತರು ಚೀಟಿಯಲ್ಲಿ ಬರೆದುಕೊಟ್ಟಿದ್ದ ಸಾರಾಂಶವನ್ನು ನಾನು ಓದಿದೆ, ಮಗಳು ಕಲ್ಲಿನ ಮೇಲೆ ಅಕ್ಷರ ಹುಡುಕುತ್ತ ಕೇಳಿಸಿಕೊಂಡಳು.

ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕಂಟೋನ್ಮೆಂಟ್ ನಿಲ್ದಾಣದಿಂದ ಚೆನ್ನೈಗೆ ಹೋಗುವ ರೈಲು ಅರಕ್ಕೋಣಂ ದಾಟುತ್ತದಲ್ಲ, ಅದಕ್ಕೆ ಹತ್ತಿರದ ಊರು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಇಮ್ಮಡಿ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕೈಕೆಳಗಿನ ಮಣಲೇರ ಎಂಬ ವೀರ ಶೌರ್ಯದಿಂದ ಹೋರಾಡಿದ. ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಬೂತುಗನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

ಮುಂದೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಮಣಲೇರ ಈ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಡಿಸಿದ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಬರಲಿ ಎಂದೂ ಬರೆಸಿದ.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಯುದ್ಧದಲ್ಲಿ ಎಷ್ಟು ಜನ ಸತ್ತಿರಬೇಕು ಅಲ್ವಾ ಅಪ್ಪ? ಅವರ ಹೆಸರೆಲ್ಲ ಎಲ್ಲಿದೆ?" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ, "ಕಾಳಿ. ಅದೇ" ಎಂದಳು.

ನಾಯಿಯ ಹೆಸರನ್ನು ಕಲ್ಲಿಗೆ ಹಾಕಿದ್ದು ಮಣಲೇರನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಇದಕ್ಕಿಂತ ಮುನ್ನೂರು ವರ್ಷ ಹಳೆಯ, ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲಿದೆ. ಎಮ್ಮೆಗಳನ್ನು ಕಾಯುತ್ತ ಯಜಮಾನ ಸತ್ತ ಮೇಲೆ, ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತ ನಾಯಿ ಅಲ್ಲಿಯದು. ಹೆಸರು ಕೋವಿವನ್. ಇಂಗ್ಲೆಂಡಿನವರೂ ಕಡಿಮೆಯೇನಲ್ಲ. ಹದಿನೈದನೆಯ ಶತಮಾನದ ಒಂದು ಹಸ್ತಪ್ರತಿಯಲ್ಲಿ ಬೇಟೆನಾಯಿಗಳಿಗೆಂದೇ ಸಾವಿರಕ್ಕೂ ಹೆಚ್ಚು ಹೆಸರುಗಳ ಪಟ್ಟಿಯಿದೆ. ಚಾಸರ್ ಕವಿಯ ಒಂದು ಕಥೆಯಲ್ಲಿ ಕೋಳಿ ಕದ್ದ ನರಿಯನ್ನು ಅಟ್ಟಿಸಿಕೊಂಡು ಹೋಗುವ ನಾಯಿಗಳು ಕೋಲ್, ಟಾಲ್ಬಟ್ ಮತ್ತು ಗರ್ಲೆಂಡ್. ಆದರೆ ಪಟ್ಟಿ ಬರೆಯುವುದು ಬೇರೆ, ಪೂಜೆ ಮಾಡದೆ ಊಟ ಮಾಡಬೇಡ ಎನ್ನುವುದು ಬೇರೆ ಎಂದು ನನ್ನ ಮನಸ್ಸು.

ಕಾಳಿ ಎಂಬ ಹೆಸರು ಕೇಳಿ ಅಮ್ಮ ಕೈಲಿದ್ದ ಹುರುಳಿಕಾಯಿ ಕೆಳಗಿಟ್ಟರು.

"ದೇವಿ ಹೆಸರು ಕಣೋ ಅದು. ಕಾಳಮ್ಮನ ಗುಡಿಗೆ ಹೋಗಿ ಕೈಮುಗಿದು ಬಂದು, ಮನೆ ಬಾಗಿಲಲ್ಲಿ ಕಾಳೀ ಥೂ ಆಚೆ ಹೋಗು ಅಂತ ಕೂಗೋದಾ? ನನ್ನ ಬಾಯಲ್ಲಂತೂ ಬರಲ್ಲ."

ಮೊಮ್ಮಗಳು ಗಂಗರ ಕಥೆ ಹೇಳಿದಳು. ಅಮ್ಮ ಬೂತುಗನಿಗೂ ಜಗ್ಗಲಿಲ್ಲ, ಮಣಲೇರನಿಗೂ ಜಗ್ಗಲಿಲ್ಲ. ಗೊರವನ ಮಾತು ಬಂದಾಗ ಮಾತ್ರ, "ಊಟಕ್ಕೆ ಮುಂಚೆ ಪೂಜೆ ಮಾಡಲೇಬೇಕು ಅಂತ ಬರೆಸಿದಾನಾ? ನಾಯಿ ಕಲ್ಲಿಗೆ?" ಎಂದು ಕೇಳಿದರು. ಹೌದು ಎಂದಾಗ ಮತ್ತೆ ಹುರುಳಿಕಾಯಿ ಎತ್ತಿಕೊಂಡರು. "ನೀವು ಏನಾದ್ರೂ ಕರ್ಕೊಳ್ಳಿ, ನಾನು ಕರೆಯಲ್ಲ." ಮಾರನೆಯ ದಿನದಿಂದ ಅವರು ತಮ್ಮ ತಟ್ಟೆಗೆ ಬಡಿಸಿಕೊಳ್ಳುವ ಮೊದಲು ಒಂದು ಹಿಡಿ ಅನ್ನಕ್ಕೆ ಮೊಸರು ಕಲಸಿ ಹಿತ್ತಲಿನ ಬಟ್ಟಲಿಗೆ ಹಾಕತೊಡಗಿದ್ದನ್ನು ನಾನು ಕಂಡೆ. ಕರೆಯುವುದು ಮಾತ್ರ "ಏನಮ್ಮಾ, ಬಾಮ್ಮಾ" ಎಂದೇ.

ಅಮ್ಮನ ಹಟದ ಹಿಂದೆ ದೇವಿಯ ಹೆಸರು ಮಾತ್ರ ಇರಲಿಲ್ಲ. ಅದು ನಮ್ಮಿಬ್ಬರಿಗಷ್ಟೇ ಗೊತ್ತು.

1981ರಲ್ಲಿ ನಾವು ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂಬದಿಯ ಒಂದು ವಠಾರದಲ್ಲಿದ್ದೆವು. ಕಂದು ಬಣ್ಣದ ಒಂದು ನಾಯಿ ನಮ್ಮ ಬಾಗಿಲಲ್ಲೇ ಬಿದ್ದಿರುತ್ತಿತ್ತು. ನಾನು ಶಾಲೆಯಿಂದ ಬರುವಾಗ ಬೀದಿಯ ತಿರುವಿನವರೆಗೆ ಎದುರು ಬರುತ್ತಿತ್ತು. ಹೆಸರಿಡೋಣ ಎಂದರೆ ಅಮ್ಮ ಒಪ್ಪಲಿಲ್ಲ. "ಹೆಸರಿಟ್ಟರೆ ಅದು ಮನೇದಾಗುತ್ತೆ. ವಠಾರದ ಯಜಮಾನರು ಸುಮ್ಮನಿರಲ್ಲ." ಹಾಗಾಗಿ ಅದು ಬರೀ ನಾಯಿ. ಒಂದು ಬೆಳಿಗ್ಗೆ ನಾಯಿ ಹಿಡಿಯುವ ವ್ಯಾನು ಬಂತು. ಆ ಕಾಲದಲ್ಲಿ ಹಿಡಿದುಕೊಂಡು ಹೋದ ನಾಯಿ ಹಿಂದಿರುಗಿ ಬರುತ್ತಿರಲಿಲ್ಲ. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಅದೇ ಬೀದಿಗೆ ತಂದು ಬಿಡಬೇಕೆಂಬ ನಿಯಮ ಬಂದದ್ದು 2001ರಲ್ಲಿ. ಬೀದಿಯ ಹುಡುಗರೆಲ್ಲ ಅವರವರ ನಾಯಿಗಳನ್ನು ಕೂಗಿದರು. ಟಾಮಿ ಓಡಿಬಂತು, ರಾಜಾ ಓಡಿಬಂತು. ನಾನು "ಬಾ, ಬಾ" ಎಂದು ಕೂಗಿದೆ. ಎಲ್ಲರೂ ಅದನ್ನೇ ಕೂಗುತ್ತಿದ್ದರು. ನಮ್ಮ ನಾಯಿ ಬೀದಿಯ ನಡುವೆ ನಿಂತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿತು. ಅಷ್ಟರಲ್ಲಿ ಕುಣಿಕೆ ಬಿತ್ತು.

ಅಮ್ಮ ಆ ದಿನ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಷ್ಟು ವರ್ಷವಾದರೂ ಆ ಮಾತು ನಮ್ಮ ನಡುವೆ ಬಂದಿಲ್ಲ.

ಹೆಸರು ನಾಯಿಗೆ ನಿಜವಾಗಿ ತಿಳಿಯುತ್ತದೆಯೇ ಎಂದು ಮಗಳಿಗೆ ಅನುಮಾನ. ಮೇಷ್ಟರ ಮನೆಯಲ್ಲಿ ಅನುಮಾನ ಬಂದರೆ ಪ್ರಯೋಗ ಮಾಡಲೇಬೇಕು. ಜರ್ಮನಿಯಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಮಾಡುತ್ತದೆಂದು ಜನ ನಂಬಿದ್ದರು. ಪ್ರಶ್ನೆ ಕೇಳುವವರ ಮುಖಭಾವ, ಮೈಯ ಅಲುಗಾಟ ನೋಡಿಯೇ ಅದು ಬಡಿಯುವುದನ್ನು ನಿಲ್ಲಿಸುತ್ತದೆ ಎಂದು 1907ರಲ್ಲಿ ಫುಂಗ್ಸ್ಟ್ ಎಂಬಾತ ತೋರಿಸಿಕೊಟ್ಟ. ಆದ್ದರಿಂದ ನಮ್ಮಲ್ಲಿ ಕರೆಯುವವರು ಪರದೆಯ ಹಿಂದೆ. ಒಂದೇ ಧ್ವನಿ, ಒಂದೇ ಏರಿಳಿತ. ಪದಗಳು ನಾಲ್ಕು: ತಾಳಿ, ಪಾಳಿ, ಗಾಳಿ, ಕಾಳಿ. ಒಂದೊಂದನ್ನೂ ಹತ್ತು ಸಲ, ಕ್ರಮ ತಪ್ಪಿಸಿ. ತಿಂಗಳೊಳಗೆ ಕಾಳಿಗೆ ಎಂಟು ಸಲ ಕಿವಿ ನಿಮಿರಿತು, ತಾಳಿ ಪಾಳಿಗಳಿಗೆ ಒಂದೊಂದು ಸಲ. ಗಾಳಿಗೆ ಮಾತ್ರ ಐದು! ಮಗಳಿಗೆ ಬೇಸರ. ಕ, ಗ ಎರಡನ್ನೂ ಒಮ್ಮೆ ಹೇಳಿ ನೋಡು ಎಂದೆ. ನಾಲಿಗೆ ಮುಟ್ಟುವ ಜಾಗ ಒಂದೇ, ಗ ಹೇಳುವಾಗ ಗಂಟಲು ನಡುಗುವುದಷ್ಟೇ ವ್ಯತ್ಯಾಸ. ನಮ್ಮ ಹಿರಿಯರು ಅವೆರಡನ್ನೂ ಒಂದೇ ವರ್ಗದಲ್ಲಿ ಕೂರಿಸಿದ್ದು ಸುಮ್ಮನೆ ಅಲ್ಲ. ನಾಲ್ಕು ತಿಂಗಳ ಮರಿಗೆ ಅಷ್ಟು ಗೊಂದಲ ಇದ್ದರೆ ಕ್ಷಮಿಸಬಹುದು. ನೀವೂ ಮನೆಯಲ್ಲಿ ಮಾಡಿ ನೋಡಿ. ಪ್ರತಿ ಸಲವೂ ಬಿಸ್ಕತ್ತು ಕೊಟ್ಟರೆ ಮಾತ್ರ ಲೆಕ್ಕ ಕೆಡುತ್ತದೆ.

2021ರ ದೀಪಾವಳಿ. ನಾಯಿಯ ಕಿವಿ ನಮಗಿಂತ ಬಹಳ ಸೂಕ್ಷ್ಮ. ನಮಗೆ ಇಪ್ಪತ್ತು ಸಾವಿರ ಹರ್ಟ್ಸ್‌ಗೆ ಶಬ್ದ ಮುಗಿದರೆ, ಅವಕ್ಕೆ ನಲವತ್ತು ಸಾವಿರದಾಚೆಗೂ ಕೇಳುತ್ತದೆ. ಎದುರು ಮನೆಯಲ್ಲಿ ಸರ ಪಟಾಕಿ ಹಚ್ಚಿದಾಗ ಕಾಳಿ ಗೇಟು ಹಾರಿ ಓಡಿತು. ನಾನೂ ಮಗಳೂ ಸ್ಕೂಟರಿನಲ್ಲಿ ತೂಗುಸೇತುವೆಯವರೆಗೆ, ಅಲ್ಲಿಂದ ರೈಲ್ವೆ ನಿಲ್ದಾಣದ ಕಡೆಗೆ, ಹಳೇ ಮದ್ರಾಸ್ ರಸ್ತೆಯ ಉದ್ದಕ್ಕೂ ಕೂಗುತ್ತ ಸುತ್ತಿದೆವು. ಒಬ್ಬ ಆಟೋದವನು, "ಏನ್ ಸಾರ್, ಹರಕೇನಾ?" ಎಂದು ಕೇಳಿದ. ನಾಯಿ ಎಂದು ತಿಳಿದ ಮೇಲೆ ಅವನೇ ಎರಡು ಬೀದಿ ಹುಡುಕಿಕೊಟ್ಟ. ಹನ್ನೊಂದೂವರೆಗೆ ಬರಿಗೈಯಲ್ಲಿ ಮನೆಗೆ ತಿರುಗಿದೆವು. ಮಗಳು ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು. ನನಗೆ ಹಲಸೂರಿನ ಆ ಬೀದಿ ಕಣ್ಣ ಮುಂದಿತ್ತು.

ನಮ್ಮ ಬೀದಿಯ ತಿರುವಿಗೆ ಬಂದಾಗ ಯಾರೋ ಕೂಗುತ್ತಿದ್ದುದು ಕೇಳಿಸಿತು. ಸೆರಗನ್ನು ತಲೆಗೆ ಹೊದ್ದುಕೊಂಡು ಅಮ್ಮ ಗೇಟಿನ ಹೊರಗೆ ನಿಂತಿದ್ದರು. ಎಂಬತ್ತು ವರ್ಷದ ಗಂಟಲು ಒಡೆದುಹೋಗಿತ್ತು. "ಕಾಳೀ... ಕಾಳೀ..."

ಮೂರು ಮನೆ ಆಚೆ ನಿಂತಿದ್ದ ನೀರಿನ ಟ್ಯಾಂಕರಿನ ಅಡಿಯಿಂದ ಒಂದು ಕಪ್ಪು ಆಕಾರ ಹೊಟ್ಟೆ ನೆಲಕ್ಕೆ ಉಜ್ಜಿಕೊಂಡು ಹೊರಬಂತು. ನಾವು ಇಳಿಯುವಷ್ಟರಲ್ಲಿ ಅದು ಅಮ್ಮನ ಕಾಲ ಬಳಿ ಇತ್ತು.

ಅಮ್ಮ ನಮ್ಮ ಮುಖ ನೋಡಲಿಲ್ಲ. "ಮೈಯೆಲ್ಲ ಗ್ರೀಸು. ಒರೆಸಿ ಒಳಗೆ ಬಿಡು" ಎಂದು ಹೇಳಿ, ಮೊಸರನ್ನ ಕಲಸಲು ಅಡುಗೆಮನೆಗೆ ಹೋದರು.