ಬೇಕಾದ, ಬಹುದಾದ, ಬಾರದ

ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ ಹೈಸ್ಕೂಲ್ ಗ್ರಾಮರ್ ಪುಸ್ತಕದ ಎರಡು ಪಾಠ ಇನ್ನೂ ನೆನಪಿರುತ್ತೆ. ಒಂದು, ಮೋಡಲ್ ವರ್ಬ್ಸ್: ಕ್ಯಾನ್, ಮೇ, ಮಸ್ಟ್, ಶುಡ್. ಬಿಟ್ಟ ಸ್ಥಳ ತುಂಬಿ. ಇನ್ನೊಂದು, ರಿಲೇಟಿವ್ ಕ್ಲಾಝ್: ಹೂ, ವಿಚ್, ದಟ್ ಬಳಸಿ ಎರಡು ವಾಕ್ಯಗಳನ್ನು ಒಂದು ಮಾಡಿ. ಎರಡಕ್ಕೂ ಮಾರ್ಕ್ಸ್ ಬಂತು, ಪಾಠ ಮುಗೀತು. ಆದರೆ ಮೋಡಲ್ ವರ್ಬು ರಿಲೇಟಿವ್ ಕ್ಲಾಝಿನ ಒಳಗೆ ಹೋಗಿ ಕೂತರೆ ಏನಾಗುತ್ತೆ ಅನ್ನೋದು ಯಾವ ಪಾಠದಲ್ಲೂ ಇರಲಿಲ್ಲ. ಅದನ್ನು ನಾವು ಕಲಿತದ್ದು ಸೆಕೆಂಡ್ ಇಯರ್‌ನಲ್ಲಿ, ಲ್ಯಾಬಿನ ಗೋಡೆ ನೋಡಿಕೊಂಡು.

ನಾವು ಅಂದರೆ ಕನ್ನಡ ಸಂಘದ ಮೂವರು. ಕೈಗೆ ಬಂದ ಕೆಲಸ ಸಣ್ಣದು. ಲ್ಯಾಬಿನ ಸೇಫ್ಟಿ ಶೀಟ್ ಇಂಗ್ಲಿಷಿನಲ್ಲಿದೆ. ನಾವೋ, ವಾರಕ್ಕೆ ಒಂದು ಸಲ 3 ಗಂಟೆ ಬಂದು ಹೋಗೋರು. ಬೆಳಗ್ಗೆ ಬಾಗಿಲು ತೆಗೆದು ಕಿಟ್ ಜೋಡಿಸುವವರು ಅಟೆಂಡರ್ ಅಣ್ಣ. ಸಂಜೆ ಬೆಂಚ್ ಒರೆಸುವವರು ಹೌಸ್‌ಕೀಪಿಂಗ್ ಅಕ್ಕಂದಿರು. ಅಪಾಯದ ಪಕ್ಕದಲ್ಲೇ ದಿನವಿಡೀ ಓಡಾಡೋ ಅವರಿಗೆ ಒಂದು ಕನ್ನಡ ಶೀಟ್ ಬೇಡವಾ? ಇರೋದು ಒಂದೇ ಪುಟ, ಹಿಡಿದದ್ದು 3 ಸಂಜೆ. ಕಷ್ಟದ ಪದಗಳಿಂದ ತಡ ಆಗಲಿಲ್ಲ. ಕೆಪಾಸಿಟರ್‌ಗೆ ಅಣ್ಣನೂ ಕೆಪಾಸಿಟರ್ ಅಂತಲೇ ಅನ್ನೋದು. ಮೇ, ಮಸ್ಟ್, ಶುಡ್ ಅನ್ನೋ ಪುಟ್ಟ ಪದಗಳು ಹೂ, ವಿಚ್‌ಗಳ ಬೆನ್ನಿಗೆ ಬಂದು ಕೂತಿದ್ದವಲ್ಲ, ತಡ ಆಗಿದ್ದು ಅಲ್ಲಿ.

ಮೊದಲು ಸುಲಭದ್ದು ನೋಡೋಣ. "ದ ಸ್ವಿಚ್ ದಟ್ ಯು ಮಸ್ಟ್ ಟರ್ನ್ ಆಫ್" ಅಂದರೆ "ಆಫ್ ಮಾಡಬೇಕಾದ ಸ್ವಿಚ್ಚು". ಮಸ್ಟ್ ಬದಲು ಕ್ಯಾನ್ ಬಂದರೆ "ಮಾಡಬಹುದಾದ". ಮಸ್ಟ್ ನಾಟ್ ಬಂದರೆ "ಮಾಡಬಾರದ". ಇಂಗ್ಲಿಷ್ ಮೊದಲು ನಾಮಪದ ಹೇಳಿ, ಅದರ ಹಿಂದೆ ಒಂದು ಇಡೀ ಪುಟ್ಟ ವಾಕ್ಯ ಎಳೆದುಕೊಂಡು ಹೋಗುತ್ತೆ. ಕನ್ನಡ ಆ ವಾಕ್ಯವನ್ನು ಮಡಚಿ ನಾಮಪದದ ಮುಂದೆ ಇಡುತ್ತೆ. ಬೇಕು ಅನ್ನೋದು ಬೇಕಾದ, ಬಹುದು ಅನ್ನೋದು ಬಹುದಾದ, ಬಾರದು ಅನ್ನೋದು ಬಾರದ. ಎಷ್ಟು ಚೊಕ್ಕ! ಆದರೆ ಮಡಚಿಟ್ಟ ಬಟ್ಟೆಯಲ್ಲಿ ಎಲ್ಲ ಬಣ್ಣವೂ ಕಾಣಲ್ಲ.

ಶೀಟಿನ 4ನೇ ಸಾಲು ಹೀಗಿತ್ತು: "ಕೆಪಾಸಿಟರ್ಸ್, ವಿಚ್ ಮೇ ಹೋಲ್ಡ್ ಚಾರ್ಜ್ ಆಫ್ಟರ್ ಸ್ವಿಚಿಂಗ್ ಆಫ್, ಮಸ್ಟ್ ಬಿ ಡಿಸ್ಚಾರ್ಜ್ಡ್." ಇದಕ್ಕೆ ನಾವು ಎರಡು ಕನ್ನಡ ಮಾಡಿ ಅಣ್ಣನ ಮುಂದೆ ಇಟ್ಟೆವು. ಮೊದಲನೆಯದು: "ಆಫ್ ಮಾಡಿದ ಮೇಲೂ ಚಾರ್ಜ್ ಉಳಿದಿರಬಹುದಾದ ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಬೇಕು." ಅಣ್ಣ ಓದಿ ತಲೆ ಎತ್ತಿದರು. "ಸರಿ ಕಣ್ರಪ್ಪ, ಯಾವುದ್ರಲ್ಲಿ ಉಳಿದಿರ್ಬಹುದು, ಯಾವುದ್ರಲ್ಲಿ ಇಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಪ್ರಶ್ನೆ ಸರಿಯಾಗಿತ್ತು. ಇಂಗ್ಲಿಷ್ ಸಾಲಿನ ಜೀವ ಇರೋದು ಎರಡು ಕಾಮಾದಲ್ಲಿ. ಕಾಮಾ ಇದ್ದರೆ ಎಲ್ಲ ಕೆಪಾಸಿಟರ್‌ಗಳ ಮಾತು: ಎಲ್ಲದರಲ್ಲೂ ಚಾರ್ಜ್ ಇರಬಹುದು, ಎಲ್ಲವನ್ನೂ ಡಿಸ್ಚಾರ್ಜ್ ಮಾಡಿ. ಕಾಮಾ ತೆಗೆದರೆ ಕೆಲವನ್ನು ಮಾತ್ರ ಆರಿಸಿದ ಹಾಗೆ. ಕನ್ನಡದ "ಉಳಿದಿರಬಹುದಾದ" ನಾಮಪದಕ್ಕೆ ಅಂಟಿಕೊಂಡೇ ಇರುತ್ತೆ. ನಡುವೆ ಕಾಮಾಕ್ಕೆ ಜಾಗ ಇಲ್ಲ. ಹಾಗಾಗಿ ಓದುವವರು ಆರಿಸೋಕೆ ಶುರು ಮಾಡ್ತಾರೆ.

ಆರಿಸಿದರೆ ಏನಾಗುತ್ತೆ, ಲೆಕ್ಕ ಹಾಕಿ. 230 ವೋಲ್ಟ್ ಎಸಿಯನ್ನು ರೆಕ್ಟಿಫೈ ಮಾಡಿದರೆ ಪೀಕ್ ಸುಮಾರು 325 ವೋಲ್ಟ್. 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಷ್ಟಕ್ಕೆ ಚಾರ್ಜ್ ಆದರೆ ಅರ್ಧ ಸಿ ವಿ ಸ್ಕ್ವೇರ್ ಪ್ರಕಾರ ಸುಮಾರು 25 ಜೂಲ್. ಮೈಮೇಲೆ ಬಂದರೆ ತಮಾಷೆ ಅಲ್ಲ. ಅದಕ್ಕೆ 100 ಕಿಲೋ ಓಮ್‌ನ ಬ್ಲೀಡರ್ ರೆಸಿಸ್ಟರ್ ಇದ್ದರೂ ಟೈಮ್ ಕಾನ್‌ಸ್ಟಂಟ್ 47 ಸೆಕೆಂಡ್. 5 ಟೈಮ್ ಕಾನ್‌ಸ್ಟಂಟ್ ಅಂದರೆ 235 ಸೆಕೆಂಡ್, ಹತ್ತಿರ ಹತ್ತಿರ 4 ನಿಮಿಷ. ಬ್ಲೀಡರ್ ಇಲ್ಲದಿದ್ದರೆ ಇನ್ನೂ ಎಷ್ಟೋ ಹೊತ್ತು. ನೋಡೋಕೆ ಎಲ್ಲ ಕೆಪಾಸಿಟರೂ ಒಂದೇ ಥರ.

ನಮ್ಮ ಎರಡನೇ ಕನ್ನಡ ಇದು: "ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಡಿಸ್ಚಾರ್ಜ್ ಮಾಡದೆ ಯಾವುದನ್ನೂ ಮುಟ್ಟಬೇಡಿ." ರಿಲೇಟಿವ್ ಕ್ಲಾಝ್ ಮಾಯ, ಎರಡು ನೇರ ವಾಕ್ಯ. ಅಣ್ಣ ಅದರ ಮೇಲೆ ಬೆರಳಿಟ್ಟು "ಇದು ಹಾಕಿ" ಅಂದರು.

ಮುಂದಿನ ತೊಡಕು ಮೇ ಅನ್ನೋದೇ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಮುಖ: ಅನುಮತಿ ಮತ್ತು ಊಹೆ. ಈ ಗೊಂದಲ ಬೇಡ ಅಂತಲೇ ಐಎಸ್‌ಒ ತನ್ನ ಸ್ಟ್ಯಾಂಡರ್ಡ್‌ಗಳನ್ನು ಬರೆಯುವವರಿಗೆ ಪದಗಳನ್ನು ಹಂಚಿಕೊಟ್ಟಿದೆ. ಶಾಲ್ ಅಂದರೆ ಕಡ್ಡಾಯ, ಶುಡ್ ಅಂದರೆ ಶಿಫಾರಸು, ಮೇ ಅಂದರೆ ಅನುಮತಿ, ಕ್ಯಾನ್ ಅಂದರೆ ಸಾಧ್ಯತೆ ಅಥವಾ ಸಾಮರ್ಥ್ಯ. ಲ್ಯಾಬ್ ಶೀಟ್ ಬರೆಯುವವರು ಅಷ್ಟೆಲ್ಲ ನೋಡಲ್ಲ. "ಪರ್ಸನ್ಸ್ ಹೂ ಮೇ ನಾಟ್ ಆಪರೇಟ್ ದ ಪ್ಯಾನೆಲ್" ಅಂದರೆ ಪ್ಯಾನೆಲ್ ಮುಟ್ಟೋಕೆ ಅನುಮತಿ ಇಲ್ಲದವರೋ, ಪ್ರಾಯಶಃ ಮುಟ್ಟದೇ ಇರುವವರೋ? ಇಲ್ಲಿ ಕನ್ನಡ ಗೆಲ್ಲುತ್ತೆ. "ಮುಟ್ಟಬಾರದವರು" ಬೇರೆ, "ಮುಟ್ಟದೇ ಇರಬಹುದಾದವರು" ಬೇರೆ. ಕನ್ನಡದಲ್ಲಿ ಬರೆಯೋಕೆ ಹೊರಟರೆ ಎರಡರಲ್ಲಿ ಒಂದನ್ನು ಆರಿಸದೆ ದಾರಿಯೇ ಇಲ್ಲ. ಹಾಗಂತ ಬೀಗೋದು ಬೇಡ. ನಾಟ್ ಇಲ್ಲದ ಬರೀ ಮೇ ಬಂದರೆ ನಮ್ಮ "ಬರಬಹುದಾದವರು" ಕೂಡ ಅಷ್ಟೇ ಗೊಂದಲ: ಬರೋಕೆ ಅನುಮತಿ ಇರುವವರಾ, ಬಂದರೂ ಬರಬಹುದು ಅನ್ನುವವರಾ?

ಇನ್ನೊಂದು ಕಡೆ ಇಂಗ್ಲಿಷ್ ಗೆಲ್ಲುತ್ತೆ. "ದ ಪರ್ಸನ್ ಹೂ ಮಸ್ಟ್ ಇನ್ಫಾರ್ಮ್" ಬೇರೆ, "ದ ಪರ್ಸನ್ ಹೂ ಮಸ್ಟ್ ಬಿ ಇನ್ಫಾರ್ಮ್ಡ್" ಬೇರೆ. ನಾವು "ಶಾಕ್ ಹೊಡೆದರೆ ತಿಳಿಸಬೇಕಾದವರು" ಅಂತ ಬರೆದು ಕೆಳಗೆ ಒಂದು ಹೆಸರು ಹಾಕಿದರೆ, ಆ ಹೆಸರಿನವರು ಬೇರೆಯವರಿಗೆ ತಿಳಿಸಬೇಕಾ, ನಾವು ಅವರಿಗೆ ತಿಳಿಸಬೇಕಾ? ಎರಡೂ ಅರ್ಥ ಹೊರಡುತ್ತೆ. "ಮೇಷ್ಟ್ರು ಕೇಳಬೇಕಾದ ಪ್ರಶ್ನೆ" ಅಂದರೆ ಯಾರಿಗೂ ಅನುಮಾನ ಬರಲ್ಲ. "ಕೇಳಬೇಕಾದ ಮೇಷ್ಟ್ರು" ಅಂದು ನೋಡಿ, ಯಾರು ಯಾರನ್ನ ಕೇಳಬೇಕೋ ಗೊತ್ತಾಗಲ್ಲ. ಶಾಕ್ ಹೊಡೆದು ಒಬ್ಬರು ಬಿದ್ದಿರುವಾಗ ಗೋಡೆ ಮುಂದೆ ನಿಂತು ಅರ್ಥ ಬಿಡಿಸೋಕೆ ಟೈಮ್ ಎಲ್ಲಿದೆ? "ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಈ ನಂಬರ್‌ಗೆ ಫೋನ್ ಮಾಡಿ." ಇಷ್ಟೇ ಬರೆದೆವು.

ಎಲ್ಲಕ್ಕಿಂತ ನಮ್ಮ ತಲೆ ಕೆಡಿಸಿದ್ದು 9ನೇ ಸಾಲು. ಪಿಸಿಬಿ ಎಚಿಂಗ್ ಟ್ರೇ ತೊಳೆಯುವ ವಿಷಯ, ಅದರಲ್ಲಿರೋದು ಫೆರಿಕ್ ಕ್ಲೋರೈಡ್. "ಹೆಲ್ಪರ್ಸ್ ಹೂ ಮಸ್ಟ್ ವೇರ್ ಗ್ಲವ್ಸ್ ಶುಡ್ ಕಲೆಕ್ಟ್ ದೆಮ್ ಫ್ರಮ್ ದ ಸ್ಟೋರ್." ಗ್ಲವ್ಸ್ ಹಾಕಬೇಕಾದ ಸಹಾಯಕರು ಅವನ್ನು ಸ್ಟೋರ್‌ನಿಂದ ತೆಗೆದುಕೊಳ್ಳಬೇಕು. ಭಾಷೆ ಸರಿ, ಅನುವಾದವೂ ಸರಿ. ಆದರೆ ಗಮನಿಸಿ, "ಗ್ಲವ್ಸ್ ಹಾಕಿ" ಅಂತ ಈ ವಾಕ್ಯ ಯಾರಿಗೂ ಹೇಳ್ತಾನೇ ಇಲ್ಲ! ಮಸ್ಟ್ ಅನ್ನೋ ದೊಡ್ಡ ಪದ ಅಲ್ಲೇ ಇದೆ, ಆದರೆ ಹೂ ಒಳಗೆ ಹೋದ ಕೂಡಲೇ ಅದರ ಹಲ್ಲು ಬಿದ್ದುಹೋಗಿದೆ. ಅದು ಇನ್ನು ಆಜ್ಞೆ ಅಲ್ಲ, ಬರೀ ವರ್ಣನೆ. "ಕೆಂಪು ಅಂಗಿಯ ಹುಡುಗ" ಅನ್ನೋ ಹಾಗೆ "ಗ್ಲವ್ಸ್ ಹಾಕಬೇಕಾದ ಸಹಾಯಕರು". ಆ ಸಹಾಯಕರು ಯಾರು? ಅದು ಬೇರೆಲ್ಲೋ ತೀರ್ಮಾನ ಆಗಿದೆ ಅಂತ ವಾಕ್ಯ ಅಂದುಕೊಂಡಿದೆ. ಟ್ರೇ ತೊಳೆಯೋ ಅಕ್ಕ ಅದನ್ನು ಓದಿ "ಇದು ನಂಗಲ್ಲ" ಅಂತ ಮುಂದೆ ಹೋಗಬಹುದು, ತಪ್ಪು ಅವರದ್ದಲ್ಲ.

ನಾವು ಕಲಿತ ಪಾಠ ಇದು: ರಿಲೇಟಿವ್ ಕ್ಲಾಝಿನ ಒಳಗಿರುವ ಮಸ್ಟ್ ಯಾರನ್ನೂ ಕೆಲಸಕ್ಕೆ ಹಚ್ಚಲ್ಲ. ಜೀವದ ಮಾತಾದರೆ ಅದನ್ನು ಹೊರಗೆ ಎಳೆದು ತಂದು, ವಾಕ್ಯದ ಮುಖ್ಯ ಕ್ರಿಯಾಪದ ಮಾಡಿ ನಿಲ್ಲಿಸಬೇಕು. "ಟ್ರೇ ತೊಳೆಯುವ ಎಲ್ಲರೂ ಗ್ಲವ್ಸ್ ಹಾಕಲೇಬೇಕು. ಗ್ಲವ್ಸ್ ಸ್ಟೋರ್‌ನಲ್ಲಿ ಸಿಗುತ್ತೆ."

ಆ "ಲೇ" ನೋಡಿದಿರಾ? ಕಂಪ್ಯೂಟರ್ ಸೈನ್ಸ್‌ನವರಿಗೆ ಆರ್‌ಎಫ್‌ಸಿ 2119 ಗೊತ್ತಿರುತ್ತೆ. ಇಂಟರ್‌ನೆಟ್ ಪ್ರೊಟೊಕಾಲ್‌ಗಳನ್ನು ಬರೆಯುವಾಗ ಮಸ್ಟ್, ಶುಡ್, ಮೇ ಅಂದರೆ ಏನು ಅಂತ 1997ರಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ ಪುಟ್ಟ ದಾಖಲೆ. ಮಸ್ಟ್ ಅಂದರೆ ಬೇರೆ ದಾರಿಯಿಲ್ಲ. ಶುಡ್ ಅಂದರೆ ಸರಿಯಾದ ಕಾರಣ ಇದ್ದರೆ ಬಿಡಬಹುದು, ಆದರೆ ಪರಿಣಾಮ ತಿಳಿದು ಬಿಡಿ. 2017ರಲ್ಲಿ ಆರ್‌ಎಫ್‌ಸಿ 8174 ಇನ್ನೊಂದು ಮಾತು ಸೇರಿಸಿತು: ಈ ವಿಶೇಷ ಅರ್ಥ ಕ್ಯಾಪಿಟಲ್ ಅಕ್ಷರದಲ್ಲಿ ಬರೆದಾಗ ಮಾತ್ರ. ನಮ್ಮ "ಬೇಕು" ಮಸ್ಟ್‌ಗೂ ಆಗುತ್ತೆ, ಶುಡ್‌ಗೂ ಆಗುತ್ತೆ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ. ಆದರೆ ಏ ಇದೆ. ಮಾಡಬೇಕು, ಮಾಡಲೇಬೇಕು. ಅಮ್ಮ "ಊಟ ಮಾಡಬೇಕು" ಅಂದಾಗಲೂ "ಊಟ ಮಾಡಲೇಬೇಕು" ಅಂದಾಗಲೂ ನಮಗೆ ವ್ಯತ್ಯಾಸ ತಿಳಿಸೋಕೆ ಯಾವ ಆರ್‌ಎಫ್‌ಸಿಯೂ ಬೇಕಿರಲಿಲ್ಲ. ನಮ್ಮ ಶೀಟಿನಲ್ಲಿ ಮಸ್ಟ್ ಇದ್ದಲ್ಲೆಲ್ಲ "ಲೇಬೇಕು", ಶುಡ್ ಇದ್ದಲ್ಲಿ "ಮಾಡಿದರೆ ಒಳ್ಳೆಯದು". ಬೇರೆ ಯಾವುದೂ ಇಲ್ಲ.

ಬೇಕಾದ, ಬಹುದಾದ, ಬಾರದ ಅನ್ನೋ ರೂಪಗಳು ಕೆಟ್ಟವು ಅಂತ ನಾವು ಹೇಳ್ತಿಲ್ಲ. "ಸೆಮಿಸ್ಟರ್‌ನೊಳಗೆ ಮುಗಿಸಬೇಕಾದ ಪ್ರಾಜೆಕ್ಟ್" ಅಂತ ಧಾರಾಳವಾಗಿ ಬರೀರಿ. ಸೇಫ್ಟಿ ಬೋರ್ಡ್, ಯೂಸರ್ ಮ್ಯಾನ್ಯುಯಲ್, ಹಾಸ್ಟೆಲ್ ನೋಟಿಸ್ ಬರೆಯುವಾಗ ಮಾತ್ರ ಒಂದು ಸಲ ಪರೀಕ್ಷೆ ಮಾಡಿ: ಈ ವಾಕ್ಯ ಓದಿದವರಿಗೆ ಯಾರು ಏನು ಮಾಡಬೇಕು ಅಂತ ಗೊತ್ತಾಗುತ್ತಾ? ಬರೆದವರೇ ಉತ್ತರ ಹೇಳಬೇಡಿ, ಅದನ್ನು ದಿನಾ ನೋಡೋ ಅಣ್ಣನನ್ನೋ ಅಕ್ಕನನ್ನೋ ಕೇಳಿ.

ನಮ್ಮ ಮುಂದಿನ ಕೆಲಸ ವರ್ಕ್‌ಶಾಪಿನ ಲೇತ್ ಪಕ್ಕದ ಬೋರ್ಡು. ಅದರಲ್ಲಿ ಹೂ ಮತ್ತು ಮೇ ಒಟ್ಟಿಗೆ 6 ಸಲ ಬರುತ್ತೆ, ಎಣಿಸಿದ್ದೀವಿ. ಮೆಕ್ಯಾನಿಕಲ್‌ನವರು ಯಾರಾದರೂ ಜೊತೆಗೆ ಬಂದರೆ ಒಳ್ಳೆಯದು. ಗಮನಿಸಿ, "ಬರಲೇಬೇಕು" ಅಂದಿಲ್ಲ.